ದೀಪಸ್ತಂಭದ ಗೆರೆ ದಾಟಿದ ಹಕ್ಕಿಗಳು

ಸುಗ್ಗಿಯ ಗುಮಟೆ ಸದ್ದು ಅಡಗುವ ಹೊತ್ತಿಗೆ ಕಾರವಾರದ ತೀರದಿಂದ ಚಳಿಗಾಲದ ಕಡಲಕ್ಕಿಗಳು ಕಾಲು ಕೀಳತೊಡಗುತ್ತವೆ. ಕಾಳಿ ನದಿ ಸಮುದ್ರ ಸೇರುವಲ್ಲಿನ ಮರಳ ದಿಬ್ಬದ ಮೇಲೆ ಡಿಸೆಂಬರಿನಲ್ಲಿ ಗುಂಪುಗುಂಪಾಗಿ ಕುಳಿತಿರುತ್ತಿದ್ದ ಕಂದುತಲೆಯ ಗಲ್‌ಗಳು ಏಪ್ರಿಲ್ ನಡುವಿಗೆ ಬೆರಳೆಣಿಕೆಗೆ ಇಳಿಯುತ್ತವೆ. ಉಳಿದವು ಬಹುಪಾಲು ಪ್ರಾಯಕ್ಕೆ ಬಾರದವು. ಪಕ್ಷಿವೀಕ್ಷಣೆಯ ಗೆಳೆಯರಲ್ಲಿ ಅನೇಕರು ಆ ವರ್ಷದ ಲೆಕ್ಕವನ್ನು ಅಲ್ಲಿಗೇ ಮುಗಿಸುತ್ತಾರೆ. ನನ್ನ ಕೆಲಸ ಶುರುವಾಗುವುದು ಆಗ. ಏಪ್ರಿಲ್ 10ಕ್ಕೆ ಶಾಲೆಯಲ್ಲಿ ಫಲಿತಾಂಶ ಓದಿದರೆ ಮೇ ಕೊನೆಯ ತನಕ ರಜೆ. ಜೂನ್ 1ರಿಂದ ಜುಲೈ 31ರ ವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ 61 ದಿನಗಳ ನಿಷೇಧ. ಈ ಎರಡರ ನಡುವಿನ ಅವಧಿಯಲ್ಲಿ, ವರ್ಷದ ಬಹುಕಾಲವನ್ನು ನೆಲದ ಮುಖ ನೋಡದೆ ಕಳೆಯುವ ಹೊರಸಮುದ್ರದ ಹಕ್ಕಿಗಳು ನಮ್ಮ ಗಡಗಳ, ಅಂದರೆ ತೀರದೆದುರಿನ ದ್ವೀಪಗಳ ಹತ್ತಿರ ಸುಳಿಯುತ್ತವೆ. ಅವುಗಳನ್ನು ನೋಡುವುದು ಒಂದು ಸಂತೋಷವಾದರೆ, ಮುಂದೆ ಯಾರಿಗಾದರೂ ಉಪಯೋಗಕ್ಕೆ ಬರುವಂತೆ ದಾಖಲಿಸುವುದು ಬೇರೆಯದೇ ಕೆಲಸ. ನಾನು ಅದನ್ನು ಹೇಗೆ ಮಾಡುತ್ತೇನೆ ಎಂಬುದಷ್ಟೇ ಈ ಬರಹ.

ಕೂರುವುದು ಕೂರ್ಮಗಡದಲ್ಲಿ. ಕಾರವಾರದ ಎದುರಿನ ದ್ವೀಪಗಳಲ್ಲಿ ಅಂಜುದೀವ ನೌಕಾಪಡೆಯ ವಶದಲ್ಲಿದೆ. ದೇವಗಡದಲ್ಲಿ ದೀಪಸ್ತಂಭವಿದೆ, ಅಲ್ಲಿ ಇಳಿಯಲು ಅನುಮತಿ ಬೇಕು. ಮದ್ಲಿಗಡದಲ್ಲಿ ಇಳಿಯುವುದೇ ಕಷ್ಟ. ನರಸಿಂಹ ದೇವಸ್ಥಾನವಿರುವ ಕೂರ್ಮಗಡಕ್ಕೆ ಹೋಗಿಬರುವುದು ಇವುಗಳಲ್ಲೆಲ್ಲ ಸುಲಭ, ಮತ್ತು ಅಲ್ಲಿನ ಪಡುವಣ ಬದಿಯ ಬಂಡೆಗಳಿಂದ ತೆರೆದ ಸಮುದ್ರ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನೈಋತ್ಯಕ್ಕೆ ದೇವಗಡದ ದೀಪಸ್ತಂಭ ನೆಟ್ಟಗೆ ನಿಂತಿರುತ್ತದೆ. ನನ್ನ ಇಡೀ ವಿಧಾನ ನಿಂತಿರುವುದು ಆ ಸ್ತಂಭದ ಮೇಲೆ.

ಟೆಲಿಸ್ಕೋಪನ್ನು ಸ್ಟ್ಯಾಂಡಿಗೆ ಬಿಗಿದು ದೀಪಸ್ತಂಭಕ್ಕೆ ಗುರಿಯಿಡುತ್ತೇನೆ. ಅದಾದ ಮೇಲೆ ಅಲುಗಾಡಿಸುವುದಿಲ್ಲ. ನನ್ನಿಂದ ಸ್ತಂಭದ ತನಕ ಒಂದು ಗೆರೆ ಎಳೆದಿದೆ ಎಂದುಕೊಳ್ಳಿ. ಆ ಗೆರೆಯನ್ನು ದಾಟಿದ ಹಕ್ಕಿ ಲೆಕ್ಕಕ್ಕೆ ಸೇರುತ್ತದೆ, ದಾಟದ್ದು ಸೇರುವುದಿಲ್ಲ. ಹತ್ತು ನಿಮಿಷದ ಒಂದೊಂದು ಕಂತಿನಲ್ಲಿ ಯಾವ ಜಾತಿ, ಎಷ್ಟು, ಉತ್ತರಕ್ಕೋ ದಕ್ಷಿಣಕ್ಕೋ ಎಂಬುದನ್ನು ಬರೆಯುತ್ತೇನೆ. ಸಮುದ್ರದ ಮೇಲೆಲ್ಲ ಕಣ್ಣಾಡಿಸುತ್ತ ಕುಳಿತರೆ ಕಾಣುವ ಹಕ್ಕಿಗಳು ಹೆಚ್ಚೇನೋ ನಿಜ. ಆದರೆ ಸುತ್ತುಹಾಕುತ್ತಿರುವ ಒಂದೇ ರೀವ ಹಕ್ಕಿ ಐದು ಸಲ ಲೆಕ್ಕಕ್ಕೆ ಬೀಳುತ್ತದೆ, ಇಂದಿನ ಸಂಖ್ಯೆಯನ್ನು ನಾಳಿನದರ ಪಕ್ಕದಲ್ಲಿಟ್ಟು ನೋಡಲಾಗುವುದಿಲ್ಲ. ಗೆರೆ ಇದ್ದರೆ ಉತ್ತರಕ್ಕೆ ಹೋದವನ್ನು ಒಂದು ಕಡೆ, ದಕ್ಷಿಣಕ್ಕೆ ಬಂದವನ್ನು ಇನ್ನೊಂದು ಕಡೆ ಬರೆಯಬಹುದು. ಎರಡೂ ಹೆಚ್ಚುಕಡಿಮೆ ಸಮವಾಗಿದ್ದರೆ ಹಕ್ಕಿಗಳು ಅಲ್ಲಿಯೇ ಮೇಯುತ್ತಿವೆ. ಒಂದು ಕಡೆಯದೇ ಮೇಲಾದರೆ ಅದು ಸಾಗುತ್ತಿರುವ ವಲಸೆ. ಪಟ್ಟಿಯಲ್ಲಿ ಎಷ್ಟು ಜಾತಿ ಸೇರಿತು ಎಂಬುದಕ್ಕಿಂತ ಈ ವ್ಯತ್ಯಾಸ ತಿಳಿಯುವುದು ನನಗೆ ಹೆಚ್ಚು.

ಖಾಲಿ ಹೋದ ಕಂತುಗಳನ್ನೂ ಬರೆಯಲೇಬೇಕು. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಹಾಜರಿ ಪುಸ್ತಕದಲ್ಲಿ ಬಾರದ ಮಗುವಿನ ಹೆಸರಿನ ಮುಂದೆ ಗುರುತು ಹಾಕದಿದ್ದರೆ ಆ ದಿನ ಶಾಲೆ ನಡೆಯಿತೋ ಇಲ್ಲವೋ ಎಂಬುದೇ ಗೊತ್ತಾಗದಲ್ಲ, ಹಾಗೆ. ‘7.10ರಿಂದ 7.20, ಏನೂ ಇಲ್ಲ’ ಎಂದು ಬರೆದ ಸಾಲು ಸಹ ಒಂದು ಮಾಹಿತಿ. ಅದರ ಜೊತೆಗೆ ಗಾಳಿ ಯಾವ ದಿಕ್ಕಿನದು, ಅಲೆಗಳ ತಲೆಯಲ್ಲಿ ಬಿಳಿನೊರೆ ಎದ್ದಿದೆಯೋ, ಸ್ತಂಭ ಸ್ಪಷ್ಟವಾಗಿ ಕಾಣುತ್ತಿದೆಯೋ ಮಬ್ಬಾಗಿದೆಯೋ ಎಂಬುದಿರಬೇಕು. ನೊರೆ ಎದ್ದ ಸಮುದ್ರದಲ್ಲಿ ಪೆಟ್ರೆಲ್ ಎಂಬ ಸಣ್ಣ ಕಡಲಕ್ಕಿ ಅಲೆಯ ತಗ್ಗಿನಲ್ಲಿ ಮರೆಯಾಗಿಬಿಡುತ್ತದೆ. ಆ ದಿನದ ಸೊನ್ನೆಗೂ ತಿಳಿನೀರಿನ ದಿನದ ಸೊನ್ನೆಗೂ ಒಂದೇ ಬೆಲೆಯಲ್ಲ.

ಬೆಳಕು ಮತ್ತು ಗಾಳಿ ನಮ್ಮ ಕರಾವಳಿಯಲ್ಲಿ ಒಂದಕ್ಕೊಂದು ಎದುರು. ಬೆಳಗ್ಗೆ ಸೂರ್ಯ ಬೆನ್ನ ಹಿಂದಿರುತ್ತಾನೆ, ಪಡುವಣ ಸಮುದ್ರದ ಮೇಲಿನ ಹಕ್ಕಿಯ ಕೊಕ್ಕಿನ ಬಣ್ಣ ಸಹ ತಿಳಿಯುತ್ತದೆ. ಆದರೆ ಆ ಹೊತ್ತಿಗೆ ಬೀಸುವುದು ನೆಲದ ಕಡೆಯ ಮೂಡಗಾಳಿ, ಅದರಲ್ಲಿ ಹೊರಸಮುದ್ರದ ಹಕ್ಕಿಗಳು ದಡದತ್ತ ಬರುವ ಸಂಭವ ಕಡಿಮೆ. ಮಧ್ಯಾಹ್ನದ ನಂತರ ವಾಯವ್ಯದಿಂದ ಸಮುದ್ರದ ಗಾಳಿ ಏಳುತ್ತದೆ, ಹಕ್ಕಿಗಳು ಒಳಕ್ಕೆ ಸರಿಯುತ್ತವೆ, ಆದರೆ ಬಿಸಿಲು ನೇರ ಕಣ್ಣಿಗೆ. ಬೆಳ್ಳಿಯಂತೆ ಹೊಳೆಯುವ ನೀರಿನ ಮೇಲೆ ಎಲ್ಲವೂ ಕರಿ ನೆರಳು. ಅದಕ್ಕೇ ಗೆರೆಯ ಲೆಕ್ಕವನ್ನು ಬೆಳಗ್ಗೆಯೇ ಮುಗಿಸಿ, ಸಂಜೆ ಜಾಗ ಬದಲಿಸಿ ಉತ್ತರದತ್ತ, ಮಾಜಾಳಿಯ ಕಡೆಗೆ ಮುಖಮಾಡಿ ಕೂರುತ್ತೇನೆ. ಬಿಸಿಲು ಆಗ ಪಕ್ಕದಿಂದ ಬೀಳುತ್ತದೆ. ಮೇ ಕೊನೆಯ ವಾರದಲ್ಲಿ ಮೋಡ ಕವಿದು, ಪಡುಗಾಳಿ ಬೆಳಗಿನಿಂದಲೇ ಬೀಸುವ ದಿನ ಸಿಕ್ಕರೆ ಅದೇ ಸುಗ್ಗಿ. ಅಂಥ ದಿನ ಊಟದ ಡಬ್ಬಿ ತೆರೆಯಲೂ ಮನಸ್ಸಾಗುವುದಿಲ್ಲ.

ಎಷ್ಟು ಎತ್ತರದಲ್ಲಿ ಕೂರಬೇಕು ಎಂದು ಹೊಸಬರು ಕೇಳುತ್ತಾರೆ. ನೀರಿನಿಂದ ಹತ್ತು ಮೀಟರ್ ಮೇಲಿದ್ದರೆ ದಿಗಂತ ಸುಮಾರು 11 ಕಿಲೋಮೀಟರ್ ದೂರ. ಇನ್ನೂ ಮೇಲಕ್ಕೆ ಹತ್ತಿದರೆ ನೋಟ ಉದ್ದವಾಗುತ್ತದೆ, ಆದರೆ ಹಕ್ಕಿಯ ಹಿನ್ನೆಲೆಗೆ ಆಕಾಶದ ಬದಲು ಬೂದು ನೀರು ಬಂದು ಅದು ಕರಗಿಹೋಗುತ್ತದೆ. ನನಗೆ ಹತ್ತು ಮೀಟರಿನ ಆಸುಪಾಸು ಸರಿ.

ಕಾಣುವವುಗಳಲ್ಲಿ ಹೆಚ್ಚಿನವು ರೀವಗಳು, ಅಂದರೆ ಟರ್ನ್‌ಗಳು. ಜುಟ್ಟಿನ ರೀವಗಳಲ್ಲಿ ಎರಡು ನಮ್ಮಲ್ಲಿ ಸಾಮಾನ್ಯ. ಗ್ರೇಟರ್ ಕ್ರೆಸ್ಟೆಡ್ ಟರ್ನ್ ದೊಡ್ಡದು, ಕೊಕ್ಕು ಹಸಿರು ಮಿಶ್ರಿತ ಹಳದಿ. ಲೆಸ್ಸರ್ ಕ್ರೆಸ್ಟೆಡ್ ಸ್ವಲ್ಪ ಚಿಕ್ಕದು, ಕೊಕ್ಕು ಕಿತ್ತಳೆ. ದೂರದಲ್ಲಿ ಕೊಕ್ಕಿನ ಬಣ್ಣ ಮೋಸ ಮಾಡಬಹುದು, ಹಾಗಾಗಿ ಹಣೆ ನೋಡುತ್ತೇನೆ. ಬೇಸಿಗೆಯ ಪೂರ್ಣ ವೇಷದಲ್ಲಿದ್ದಾಗಲೂ ದೊಡ್ಡದಕ್ಕೆ ಕೊಕ್ಕಿಗೂ ಕರಿ ಟೋಪಿಗೂ ನಡುವೆ ಬಿಳಿಯ ಪಟ್ಟಿ ಉಳಿದಿರುತ್ತದೆ. ಚಿಕ್ಕದರಲ್ಲಿ ಕಪ್ಪು ಕೊಕ್ಕಿನ ಬುಡಕ್ಕೇ ಬಂದು ಮುಟ್ಟುತ್ತದೆ. ಕಪ್ಪು ಕೊಕ್ಕಿನ ತುದಿಗೆ ಮಾತ್ರ ಹಳದಿ ಇದ್ದರೆ ಅದು ಸ್ಯಾಂಡ್‌ವಿಚ್ ಟರ್ನ್. ಇವುಗಳ ಗುಂಪಿನ ಹಿಂದೆ ಒಮ್ಮೊಮ್ಮೆ ದಪ್ಪ ಎದೆಯ ಪೊಮರೈನ್ ಸ್ಕುವಾ ಬೆನ್ನು ಹತ್ತಿ ಬರುತ್ತದೆ. ರೀವ ಹಿಡಿದ ಮೀನನ್ನು ಬೀಳಿಸುವ ತನಕ ಬಿಡುವುದಿಲ್ಲ.

ಕುಳಿತಲ್ಲಿಂದ ಕಾಣದ ಹಕ್ಕಿಗಳಿಗೆ ದೋಣಿಯೇ ಬೇಕು. ನನಗೆ ಪರಿಚಯದ, ದೋಣಿ ನಡೆಸುವ ತಾಂಡೇಲರೊಬ್ಬರಿದ್ದಾರೆ, ವಯಸ್ಸಿನಲ್ಲಿ ನನಗಿಂತ ಹಿರಿಯರು, ಅಣ್ಣ ಎಂದೇ ಕರೆಯುತ್ತೇನೆ. ದೇವಗಡ ದಾಟಿದ ಮೇಲೆ ಎಲ್ಲಿಗೆ ಹೋಗಬೇಕೆಂದು ನಾನು ಹೇಳುವುದಿಲ್ಲ. ನೀರಿನ ಬಣ್ಣ ಬದಲಾದ ಪಟ್ಟೆಯನ್ನು ಅವರು ನನಗಿಂತ ಮೊದಲೇ ನೋಡಿರುತ್ತಾರೆ. “ಮಾಸ್ತರೇ, ಅಲ್ಲಿ ತಾರ್ಲೆ ಮೀನು ಮೇಲೆ ಬಂದಿದೆ, ನಿಮ್ಮ ಹಕ್ಕಿಗಳೂ ಅಲ್ಲಿಯೇ ಇರುತ್ತವೆ” ಎಂದು ಎಂಜಿನ್ ತಗ್ಗಿಸುತ್ತಾರೆ. ಬಹುಮಟ್ಟಿಗೆ ಇರುತ್ತವೆ. ಈ ಕರಾವಳಿಯ ಹಕ್ಕಿಗಳ ಬಗ್ಗೆ ಬರೆಯುವವರು ಮೀನುಗಾರರ ಈ ತಿಳಿವಳಿಕೆಯನ್ನು ಇನ್ನೂ ಸರಿಯಾಗಿ ಕೇಳಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ದೋಣಿಯಿಂದ ಲೆಕ್ಕ ಹಾಕುವ ಕ್ರಮ ಬೇರೆ. ಒಂದು ಬದಿಯನ್ನು ಮಾತ್ರ ಆರಿಸಿ, ದೋಣಿಯಿಂದ 300 ಮೀಟರ್ ಅಗಲದ ಪಟ್ಟಿಯೊಳಗಿನ ಹಕ್ಕಿಗಳನ್ನು ಎಣಿಸಬೇಕು. ನೀರಿನ ಮೇಲೆ ಕುಳಿತವನ್ನು ಕಂಡಕಂಡಂತೆ ಬರೆಯಬಹುದು. ಹಾರುವವನ್ನು ಹಾಗೆ ಎಣಿಸಿದರೆ ಸಂಖ್ಯೆ ಉಬ್ಬುತ್ತದೆ, ಏಕೆಂದರೆ ಅವು ದೋಣಿಗಿಂತ ವೇಗವಾಗಿ ಪಟ್ಟಿಯೊಳಗೆ ಬಂದು ಹೋಗುತ್ತಿರುತ್ತವೆ. ಅದಕ್ಕೆ ನಿಮಿಷಕ್ಕೊಮ್ಮೆ, ಆ ಕ್ಷಣದಲ್ಲಿ ಪಟ್ಟಿಯೊಳಗೆ ಎಷ್ಟಿವೆಯೋ ಅಷ್ಟನ್ನೇ ಬರೆಯುವುದು. ಹತ್ತು ನಾಟ್ ವೇಗದಲ್ಲಿ ದೋಣಿ ನಿಮಿಷಕ್ಕೆ 300 ಮೀಟರಿಗೆ ತುಸು ಮೇಲೆ ಸಾಗುತ್ತದೆ, ಹಾಗಾಗಿ ಒಂದು ಚೌಕ ಮುಗಿಯುವಾಗ ಇನ್ನೊಂದು ತೆರೆದುಕೊಳ್ಳುತ್ತದೆ.

ಸಮುದ್ರದ ಮೇಲೆ 300 ಮೀಟರ್ ಎಂದರೆ ಎಷ್ಟು ಎಂದು ಕಣ್ಣಳತೆಯಲ್ಲಿ ಹೇಳುವುದು ಯಾರಿಂದಲೂ ಆಗದು. ನಾನು ಪೆನ್ಸಿಲ್ ಬಳಸುತ್ತೇನೆ. ಚಿಕ್ಕ ದೋಣಿಯಲ್ಲಿ ನಿಂತಾಗ ಕಣ್ಣು ನೀರಿನಿಂದ ಸುಮಾರು ಎರಡು ಮೀಟರ್ ಮೇಲಿರುತ್ತದೆ. ಪೆನ್ಸಿಲನ್ನು ತೋಳು ಪೂರ್ತಿ ಚಾಚಿ, ಕಣ್ಣಿನಿಂದ 60 ಸೆಂಟಿಮೀಟರ್ ದೂರದಲ್ಲಿ ನೆಟ್ಟಗೆ ಹಿಡಿದು ಅದರ ತುದಿಯನ್ನು ದಿಗಂತಕ್ಕೆ ಸರಿಹೊಂದಿಸಿದರೆ, ತುದಿಯಿಂದ ನಾಲ್ಕು ಮಿಲಿಮೀಟರ್ ಕೆಳಗೆ ಹಾಕಿದ ಗುರುತು 300 ಮೀಟರಿನ ನೀರನ್ನು ತೋರಿಸುತ್ತದೆ. ಗುರುತಿನ ಕೆಳಗೆ ಕುಳಿತ ಹಕ್ಕಿ ಒಳಗೆ, ಮೇಲಿನದು ಹೊರಗೆ. ದೋಣಿ ಏಳುಬೀಳುತ್ತಿರುವಾಗ ಇದು ನಿಖರವಲ್ಲದಿದ್ದರೂ ಬರಿಗಣ್ಣಿನ ಊಹೆಗಿಂತ ಎಷ್ಟೋ ಮೇಲು. ಅದೇ ಪೆನ್ಸಿಲಿನಿಂದಲೇ ಬರೆಯಲೂಬಹುದು. ಉಪ್ಪುನೀರು ಸಿಡಿದ ಕಾಗದದ ಮೇಲೆ ಬಾಲ್‌ಪೆನ್ ಓಡುವುದಿಲ್ಲ.

ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್ ಹತ್ತಿರದಿಂದ ಕಂಡದ್ದು ಇಂಥ ಒಂದು ದೋಣಿ ಪಯಣದಲ್ಲಿ. ಬಲೆ ಎಳೆಯುತ್ತಿದ್ದ ಟ್ರಾಲರೊಂದರ ಹಿಂದೆ ಮೀನಿನ ಎಣ್ಣೆ ನೀರಿನ ಮೇಲೆ ಹರಡಿ ಅಲೆಗಳು ಅಷ್ಟಗಲ ನುಣ್ಣಗಾಗಿದ್ದವು. ಆ ನುಣುಪಿನ ಮೇಲೆ ಮಸಿ ಬಣ್ಣದ ಪುಟ್ಟ ಹಕ್ಕಿ ರೆಕ್ಕೆ ಎತ್ತಿ ಹಿಡಿದು, ಉದ್ದ ಕಾಲುಗಳಿಂದ ನೀರನ್ನು ತಟ್ಟುತ್ತ ಗಾಳಿಗೆ ಎದುರಾಗಿ ನಿಂತಂತೆಯೇ ಮುಂದೆ ಸರಿಯುತ್ತಿತ್ತು. ಸೊಂಟದ ಸುತ್ತ ಅಚ್ಚ ಬಿಳಿ. ಕಾಲು ಮೇಲೆತ್ತಿದಾಗ ಬೆರಳುಗಳ ನಡುವಿನ ಹಳದಿ ಪೊರೆ ಒಂದು ಕ್ಷಣ ಕಂಡಿತು. ನಲವತ್ತು ಗ್ರಾಮಿನ ಆಸುಪಾಸು ತೂಗುವ ಈ ಹಕ್ಕಿ ಮರಿ ಮಾಡುವುದು ಅಂಟಾರ್ಕ್ಟಿಕಾದ ತೀರದಲ್ಲಿ ಮತ್ತು ಅದರ ಸುತ್ತಲಿನ ದ್ವೀಪಗಳಲ್ಲಿ. ಅಲ್ಲಿ ಚಳಿಗಾಲ ಬಂದಾಗ ಸಮಭಾಜಕ ವೃತ್ತ ದಾಟಿ ನಮ್ಮ ಅರಬ್ಬಿ ಸಮುದ್ರಕ್ಕೆ ಬರುತ್ತದೆ. ಸೊಂಟದ ಬಿಳಿ ಇಲ್ಲದ, ಬಾಲ ಸೀಳಿದ ಪೆಟ್ರೆಲ್ ಕಂಡರೆ ಅದು ಸ್ವಿನ್‌ಹೋ ಇರಬಹುದು. ಅಂಥದ್ದು ಕಂಡಾಗ ಚಿತ್ರ ಸರಿ ಬಾರದಿದ್ದರೂ ಕ್ಯಾಮೆರಾ ಒತ್ತುತ್ತಲೇ ಇರಬೇಕು.

ಬ್ರೈಡಲ್ಡ್ ಟರ್ನ್ ಹುಡುಕಬೇಕಾದದ್ದು ಆಕಾಶದಲ್ಲಿ ಮಾತ್ರವಲ್ಲ, ತೇಲುವ ಕಸದ ಮೇಲೂ. ಮರದ ತುಂಡು, ಬಲೆಯಿಂದ ಕಳಚಿದ ಬೆಂಡು, ಥರ್ಮಾಕೋಲ್ ಹಲಗೆ ಇವುಗಳ ಮೇಲೆ ಕುಳಿತು ವಿಶ್ರಮಿಸುವುದು ಅದರ ರೂಢಿ. ಬೆನ್ನು ಕಂದುಬೂದು, ಕಣ್ಣಿನ ಹಿಂದಕ್ಕೂ ಚಾಚಿದ ತೆಳು ಬಿಳಿ ಹುಬ್ಬು. ಸೂಟಿ ಟರ್ನಿನ ಬೆನ್ನು ಕಡುಗಪ್ಪು, ಹಣೆಯ ಬಿಳಿ ಅಗಲವಾಗಿದ್ದು ಕಣ್ಣಿನ ಹತ್ತಿರವೇ ನಿಲ್ಲುತ್ತದೆ. ನಮ್ಮಿಂದ ಉತ್ತರಕ್ಕೆ ಮಹಾರಾಷ್ಟ್ರದ ವೆಂಗುರ್ಲಾ ಬಂಡೆಗಳಲ್ಲಿ ಬ್ರೈಡಲ್ಡ್ ಟರ್ನ್ ಗೂಡು ಮಾಡುತ್ತದೆ. ಹಾಗಾಗಿ ಮೇ ತಿಂಗಳಲ್ಲಿ ಈ ಹಕ್ಕಿ ಬಾಯಲ್ಲಿ ಮೀನು ಹಿಡಿದು ಹಾರಿದರೆ ಯಾವ ದಿಕ್ಕಿಗೆ ಎಂಬುದನ್ನು ಅಡಿಗೆರೆ ಹಾಕಿ ಬರೆಯುತ್ತೇನೆ.

ದ್ವೀಪದ ಬಿಳಿಹೊಟ್ಟೆಯ ಕಡಲ ಹದ್ದಿನ ಬಗ್ಗೆ ಒಂದು ಮಾತು. ಇದರ ಗೂಡಿನ ಕಾಲ ಚಳಿಗಾಲ. ಏಪ್ರಿಲ್ ಹೊತ್ತಿಗೆ ಕಂದು ಬಣ್ಣದ ಮರಿಗಳು ಹಾರಲು ಕಲಿತಿರುತ್ತವೆ. ಮುರ್ಡೇಶ್ವರದ ಆಚೆಯ ನೇತ್ರಾಣಿ ಇವುಗಳ ಹಳೆಯ ನೆಲೆ. ಗೂಡಿರುವ ಮರದ ಬುಡದಲ್ಲಿ ಕಡಲ ಹಾವಿನ ಮೂಳೆಗಳು ಬಿದ್ದಿರುವುದುಂಟು. ಗೂಡು ಎಲ್ಲಿದೆ ಎಂದು ನಾನು ಯಾರಿಗೂ ಹೇಳುವುದಿಲ್ಲ, ಚಿತ್ರದಲ್ಲಿ ಜಾಗ ಗುರುತಾಗದಂತೆ ನೋಡಿಕೊಳ್ಳುತ್ತೇನೆ. ದೊಡ್ಡ ಮರ ಒಂದು ಹೋದರೆ ಹಲವು ವರ್ಷಗಳ ಗೂಡು ಹೋದಂತೆ.

ಕಾರವಾರದಲ್ಲಿ ಬೈನಾಕ್ಯುಲರ್ ಹಿಡಿದು ಸಮುದ್ರ ನೋಡುವವರು ನೌಕಾನೆಲೆಯನ್ನು ಮರೆಯುವಂತಿಲ್ಲ. ಹೊರಡುವ ಮುನ್ನ ಕರಾವಳಿ ಕಾವಲು ಪೊಲೀಸರಿಗೆ ತಿಳಿಸಿ, ಗುರುತಿನ ಚೀಟಿ ಇಟ್ಟುಕೊಂಡು, ಆ ದಿಕ್ಕಿಗೆ ಲೆನ್ಸ್ ತಿರುಗಿಸದೆ ಕೆಲಸ ಮಾಡುತ್ತೇನೆ. ಜೀವರಕ್ಷಕ ಜಾಕೆಟ್ ತೊಡದೆ ದೋಣಿ ಹತ್ತುವುದಿಲ್ಲ. 2019ರ ಜನವರಿಯಲ್ಲಿ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಜನ ತೀರಿಕೊಂಡದ್ದನ್ನು ಈ ಊರು ಮರೆತಿಲ್ಲ.

ಚಂಡಮಾರುತ ಬಂದಾಗ ದೋಣಿಯೂ ಇಲ್ಲ, ದ್ವೀಪವೂ ಇಲ್ಲ. ಆದರೆ ದಾಖಲೆಯ ಕೆಲಸ ತೀರದಲ್ಲಿ ದುಪ್ಪಟ್ಟಾಗುತ್ತದೆ. 2021ರ ಮೇ ತಿಂಗಳ ತೌಕ್ತೆಯಂಥ ಬಿರುಗಾಳಿ ಕರಾವಳಿಯ ಗುಂಟ ಸಾಗಿದಾಗ ಹೊರಸಮುದ್ರದ ರೀವಗಳು, ನಾಡ್ಡಿ ಎಂಬ ಕಡಲಕ್ಕಿಗಳು, ಶಿಯರ್‌ವಾಟರ್‌ಗಳು ಬಳಲಿ ದಡಕ್ಕೆ ಬೀಳುವುದುಂಟು. ಅಂಥ ಹಕ್ಕಿಯನ್ನು ಮರಳಿ ಸಮುದ್ರಕ್ಕೆ ಎಸೆಯಬೇಡಿ, ಬಾಯಿಗೆ ನೀರು ಸುರಿಯಬೇಡಿ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಾಗಿ, ಸದ್ದಿಲ್ಲದೆಡೆ ಇಟ್ಟು ಅರಣ್ಯ ಇಲಾಖೆಗೆ ತಿಳಿಸಿ. ಸತ್ತದ್ದಾದರೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಕೊಕ್ಕು, ರೆಕ್ಕೆಯ ಮೇಲ್ಭಾಗ, ಕೆಳಭಾಗ, ಕಾಲು ಇವಿಷ್ಟರ ಚಿತ್ರ ತೆಗೆಯಿರಿ. ಕಾಲಿನಲ್ಲಿ ಉಂಗುರವಿದ್ದರೆ ಅದರ ಮೇಲಿನ ಪ್ರತಿ ಅಕ್ಷರವನ್ನೂ ಬರೆದುಕೊಳ್ಳಿ.

ಮನೆಗೆ ಬಂದ ರಾತ್ರಿಯೇ ಲೆಕ್ಕವನ್ನು ಹಕ್ಕಿ ದಾಖಲೆಗಳ ಜಾಲತಾಣವಾದ ಇ-ಬರ್ಡ್‌ಗೆ ಏರಿಸುತ್ತೇನೆ. ಬಂಡೆಯ ಮೇಲೆ ಕುಳಿತದ್ದು ಒಂದೇ ಜಾಗದ ಪಟ್ಟಿಯಾಗಿ, ದೋಣಿಯದು ಬೇರೆಯಾಗಿ. ದಡದಿಂದ ಮೂರು ಕಿಲೋಮೀಟರಿಗೂ ಆಚೆ ಹೋದ ಮೇಲಿನದನ್ನು ಕಡಲ ಪಟ್ಟಿಯೆಂದು ಗುರುತಿಸಿ ಗಂಟೆಗೊಂದರಂತೆ ತುಂಡು ಮಾಡುತ್ತೇನೆ. ಇಡೀ ದಿನವನ್ನು ಒಂದೇ ಪಟ್ಟಿಗೆ ತುರುಕಿದರೆ ಪೆಟ್ರೆಲ್ ಎಲ್ಲಿ ಕಂಡಿತೆಂಬುದೇ ಅಳಿಸಿಹೋಗುತ್ತದೆ. ಜಾತಿ ಖಚಿತವಾಗದ್ದನ್ನು ‘ಟರ್ನ್’ ಅಥವಾ ‘ಶಿಯರ್‌ವಾಟರ್’ ಎಂದಷ್ಟೇ ಬರೆದು ಮುಂದೆ ಹೋಗುತ್ತೇನೆ. ಜೂನ್ ಬಂದು ದೋಣಿಗಳು ಬೈತಖೋಲದಲ್ಲಿ ಲಂಗರು ಹಾಕಿದ ಮೇಲೆ ಟೆಲಿಸ್ಕೋಪ್ ಸದಾಶಿವಗಡದ ಗುಡ್ಡಕ್ಕೆ ಹೋಗುತ್ತದೆ. ಮಳೆ ಬಿಡುವು ಕೊಟ್ಟಾಗಲೆಲ್ಲ ಹತ್ತು ನಿಮಿಷದ ಕಂತುಗಳು ಅಲ್ಲಿಂದ ಮುಂದುವರಿಯುತ್ತವೆ.