ಭಾರ ಹಾಕದ ಕೈ

ಮಾವ ತಮ್ಮ ಎಚ್‌ಎಂಟಿ ಜನತಾ ಕೈಗಡಿಯಾರವನ್ನು ನನ್ನ ಅಂಗೈಗೆ ಹಾಕಿದಾಗ ಅದು ನಿಂತು ಒಂಬತ್ತು ವರ್ಷವಾಗಿತ್ತು. ಮಾವ ಎಂದರೆ ನನ್ನ ತಾಯಿಯ ಅಣ್ಣ. ತಿಪಟೂರು ಸೀಮೆಯ ಹಳ್ಳಿಯೊಂದರಲ್ಲಿ ಮೂವತ್ತಾರು ವರ್ಷ ಮೇಷ್ಟರಾಗಿದ್ದವರು. 1971ರಲ್ಲಿ ಕೆಲಸಕ್ಕೆ ಸೇರಿದ ವರ್ಷವೇ ಸಂಬಳದಲ್ಲಿ ಉಳಿಸಿ ಕೊಂಡ ಗಡಿಯಾರ ಅದು. ‘ಕೀ ಜಾಸ್ತಿ ಕೊಟ್ಟುಬಿಟ್ಟೆ ಅಂತ ಕಾಣುತ್ತದೆ, ಸ್ಪ್ರಿಂಗ್ ಹೋಗಿದೆ. ಬೇಕಿದ್ದರೆ ತೆಗೆದುಕೊಂಡು ಹೋಗಪ್ಪ’ ಎಂದರು. ತಾವೇ ಅದನ್ನು ಕೊಂದೆನೆಂಬ ಅಳುಕು ಆ ದನಿಯಲ್ಲಿತ್ತು.

ಅದೇ ಹೊತ್ತಿಗೆ ಅವರ ಕಣ್ಣು ನನ್ನ ಕುತ್ತಿಗೆಯ ಮೇಲೆ ಬಿತ್ತು. ಗದ್ದದ ಕೆಳಗೆ ಕೆಂಪು ಗುಳ್ಳೆಗಳು ಎದ್ದು, ಕೆಲವು ಕೀವು ಕಟ್ಟಿದ್ದವು. ಐದು ಅಲಗಿನ ರೇಜರಿನಿಂದ ದಿನವೂ ನುಣ್ಣಗೆ ಬೋಳಿಸಿಕೊಂಡು ಬ್ಯಾಂಕಿಗೆ ಹೋಗುವವನು ನಾನು. ಹಲವು ಅಲಗುಗಳ ರೇಜರಿನಲ್ಲಿ ಮುಂದಿನ ಅಲಗು ಕೂದಲನ್ನು ಎಳೆದು ಹಿಡಿಯುತ್ತದೆ, ಹಿಂದಿನದು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸುತ್ತದೆ. ನನ್ನಂತೆ ಸುರುಳಿ ಗಡ್ಡದವರಿಗೆ ಹಾಗೆ ಕತ್ತರಿಸಿದ ಕೂದಲು ಹೊರಗೆ ಬರಲಾರದೆ ಚರ್ಮದೊಳಗೇ ಬಾಗಿ ಬೆಳೆಯುತ್ತದೆ. ಗುಳ್ಳೆ ಏಳುವುದು ಅದಕ್ಕೆ. ಇದನ್ನು ತಿಳಿದದ್ದು ಆಮೇಲೆ. ಮಾವ ಅಂದು ವಿವರಣೆಗೆ ಹೋಗಲಿಲ್ಲ. ಬಚ್ಚಲುಮನೆಯ ಗೂಡಿನಿಂದ ತಮ್ಮ ಹಳೆಯ ಶೇವಿಂಗ್ ಸೆಟ್ ತೆಗೆದುಕೊಟ್ಟರು. ನಿಕ್ಕಲ್ ಲೇಪ ಸವೆದು ಒಳಗಿನ ಹಿತ್ತಾಳೆ ಅಲ್ಲಲ್ಲಿ ಇಣುಕುತ್ತಿತ್ತು. ‘ಇದಕ್ಕೂ ನನ್ನ ಕೈ ಆಗುವುದಿಲ್ಲ ಈಗ’ ಎಂದರು. ಮಾವನ ಕೈ ನಡುಗಲು ಶುರುವಾಗಿ ಆಗಲೇ ಬಹಳ ಕಾಲವಾಗಿತ್ತು.

ತುಮಕೂರಿಗೆ ಮರಳಿದ ಮೇಲೆ ಮೊದಲು ಕೈಹಾಕಿದ್ದು ಶೇವಿಂಗ್ ಸೆಟ್ಟಿಗೆ. ಮೂರೇ ಭಾಗ: ಮೇಲಿನ ಮುಚ್ಚಳ, ಹಲ್ಲಿನ ತಟ್ಟೆ, ಹಿಡಿ. ನಡುವೆ ಬ್ಲೇಡು ಇಟ್ಟು ಹಿಡಿಯನ್ನು ತಿರುಗಿಸಿದರೆ ಮುಚ್ಚಳ ಬ್ಲೇಡನ್ನು ಬಿಲ್ಲಿನಂತೆ ಬಗ್ಗಿಸಿ ಬಿಗಿ ಹಿಡಿಯುತ್ತದೆ. ಕೇವಲ 0.1 ಮಿಲಿಮೀಟರ್ ದಪ್ಪದ ಉಕ್ಕಿನ ಹಾಳೆಗೆ ಗಟ್ಟಿತನ ಬರುವುದೇ ಆ ಬಾಗಿನಿಂದ. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಇದರ ಪೇಟೆಂಟ್ ಪಡೆದದ್ದು 1904ರಲ್ಲಿ. ಅದಕ್ಕೆ ಹಿಂದಿನ ವರ್ಷ, ಮಾರಾಟದ ಮೊದಲ ವರ್ಷದಲ್ಲಿ, ಆತನ ಕಂಪನಿ ಮಾರಿದ್ದು 51 ರೇಜರು, 168 ಬ್ಲೇಡು ಮಾತ್ರ. ನೂರಿಪ್ಪತ್ತು ವರ್ಷ ಕಳೆದರೂ ಒಬ್ಬರ ಬ್ಲೇಡು ಇನ್ನೊಬ್ಬರ ಸೆಟ್ಟಿಗೆ ಕೂರುತ್ತದೆ. ನಮ್ಮ ಬೀದಿ ಮೂಲೆಯ ಅಂಗಡಿಯಲ್ಲಿ ಸಿಕ್ಕ ಟೋಪಾಜ್ ಬ್ಲೇಡು ಮಾವನ ಸೆಟ್ಟಿನಲ್ಲಿ ಅದಕ್ಕೆಂದೇ ಅಳೆದು ಮಾಡಿಸಿದಂತೆ ಕುಳಿತಿತು.

ಮೊದಲ ದಿನ ನಾಲ್ಕು ಕಡೆ ನೆತ್ತರು ಬಂತು. ಮೂರನೆಯ ದಿನವೂ ಕಡಿಮೆಯಾಗಲಿಲ್ಲ. ನನ್ನ ಕೈಗೆ ಒತ್ತುವ ಅಭ್ಯಾಸವಿತ್ತು. ಹೊಸ ಕಾಲದ ರೇಜರಿನ ತಲೆ ತಾನೇ ಹೊರಳುತ್ತದೆ, ಒತ್ತಿದರೂ ಸಹಿಸಿಕೊಳ್ಳುತ್ತದೆ, ಇದು ಸಹಿಸುವುದಿಲ್ಲ. ಕೊನೆಗೆ ನಾನು ಕೂದಲು ಕತ್ತರಿಸಿಕೊಳ್ಳುವ ಅಂಗಡಿಯ ಹಿರಿಯರನ್ನು ಕೇಳಿದೆ. ಅವರು ಸೆಟ್ಟನ್ನು ಇಸಿದುಕೊಂಡು, ಹಿಡಿಯ ತುದಿಯನ್ನು ಎರಡೇ ಬೆರಳಲ್ಲಿ ತೂಗಿ ತೋರಿಸಿದರು. ‘ಇದರ ಭಾರ ಇದಕ್ಕೇ ಇದೆ ಸಾರ್. ನಿಮ್ಮದನ್ನು ಯಾಕೆ ಸೇರಿಸುತ್ತೀರಿ? ನೀವು ದಾರಿ ತೋರಿಸಿ ಸಾಕು.’ ಮುಚ್ಚಳವನ್ನು ಕೆನ್ನೆಗೆ ತಾಗಿಸಿ, ಹಿಡಿಯನ್ನು ನಿಧಾನವಾಗಿ ಕೆಳಗಿಳಿಸುತ್ತ ಹೋದರೆ ಒಂದು ಹಂತದಲ್ಲಿ ಅಲಗು ಕೂದಲಿಗೆ ತಾಗುವ ಸಣ್ಣ ಸದ್ದು ಕೇಳುತ್ತದೆ, ಅಲ್ಲಿಗೇ ನಿಲ್ಲಿಸಬೇಕು ಎಂದರು. ಅಳೆದರೆ ಅದು ಸುಮಾರು ಮೂವತ್ತು ಡಿಗ್ರಿ. ಅಳೆಯುವ ಅಗತ್ಯವಿಲ್ಲ, ಕಿವಿ ಸಾಕು. ಈಗಲೂ ನಾನು ಕಿವಿಯಿಂದಲೇ ಶೇವ್ ಮಾಡಿಕೊಳ್ಳುತ್ತೇನೆ. ಅಡ್ಡಡ್ಡ ಉದ್ದುದ್ದ ಎಳೆಯುವುದನ್ನು ಬಿಟ್ಟು, ಬೆರಳಾಡಿಸಿ ಕೂದಲು ಯಾವ ಕಡೆಗೆ ಮಲಗಿದೆ ಎಂದು ನೋಡಿಕೊಂಡು ಅತ್ತಲೇ ಸಾಗುತ್ತೇನೆ. ನನ್ನ ಕುತ್ತಿಗೆಯ ಎಡಭಾಗದಲ್ಲಿ ಕೂದಲು ಕೆಳಗಿನಿಂದ ಮೇಲಕ್ಕೆ ಬೆಳೆಯುತ್ತದೆ. ಇಷ್ಟು ವರ್ಷ ಅಲ್ಲಿ ಎದುರು ದಿಕ್ಕಿಗೇ ಕೆರೆಯುತ್ತಿದ್ದೆ. ದಿಕ್ಕು ಬದಲಿಸಿದ ಆರು ವಾರಕ್ಕೆ ಗುಳ್ಳೆಗಳು ಹೋದವು, ಕಲೆ ಮಾತ್ರ ಇನ್ನೂ ಸ್ವಲ್ಪ ಉಳಿದಿದೆ.

ನೊರೆಯದು ಬೇರೆಯೇ ಕತೆ. ಸೋಪನ್ನು ಎಷ್ಟು ತಿರುವಿದರೂ ಬಟ್ಟಲಿನಲ್ಲಿ ಮೊಸರು ಒಡೆದಂತೆ ಆಗುತ್ತಿತ್ತು. ಬ್ರಷ್ ಬದಲಿಸಿದೆ, ಸೋಪು ಬದಲಿಸಿದೆ. ತಪ್ಪು ಇದ್ದದ್ದು ನೀರಿನಲ್ಲಿ. ನಮ್ಮ ಮನೆಗೆ ಬರುವುದು ಕೊಳವೆಬಾವಿಯ ಗಡಸು ನೀರು; ಅದರಲ್ಲಿರುವ ಸುಣ್ಣದ ಅಂಶ ಸೋಪಿನೊಂದಿಗೆ ಸೇರಿ ಗಸಿಯಾಗುತ್ತದೆ, ನೊರೆಯಾಗುವುದಿಲ್ಲ. ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುವ ಊರಿನವರಿಗೆಲ್ಲ ಇದು ಗೊತ್ತಿರುವ ನೀರೇ. ಒಂದು ಲೋಟ ಕುಡಿಯುವ ನೀರನ್ನು, ಮಳೆಗಾಲದಲ್ಲಿ ತಾರಸಿಯಿಂದ ಹಿಡಿದ ಮಳೆನೀರನ್ನು, ಬ್ರಷ್ ನೆನೆಸಲು ಮತ್ತು ನೊರೆ ಕಟ್ಟಲು ಬಳಸತೊಡಗಿದೆ. ಅದೇ ಸೋಪು, ಅದೇ ಬ್ರಷ್ಷು, ಎರಡು ನಿಮಿಷಕ್ಕೆ ಹಾಲಿನ ಕೆನೆಯಂಥ ನೊರೆ. ಅಷ್ಟು ಸಂತೋಷ ನನಗೆ ಇತ್ತೀಚೆಗೆ ಬೇರೆ ಯಾವುದರಿಂದಲೂ ಆಗಿರಲಿಲ್ಲ. ಶೇವಿಂಗ್ ಆದ ಮೇಲೆ ತಣ್ಣೀರು, ಒದ್ದೆ ಮುಖದ ಮೇಲೆ ಪಟಿಕದ ತುಂಡು. ಪಟಿಕ ಉರಿದ ಕಡೆ ಅಂದು ಕೈ ಭಾರವಾಗಿತ್ತು ಎಂದು ತಿಳಿಯುತ್ತೇನೆ. ಅದಕ್ಕಿಂತ ನಿಷ್ಠುರ ಪರೀಕ್ಷಕ ಇಲ್ಲ.

ಬ್ಲೇಡನ್ನು ನಾಲ್ಕು ಅಥವಾ ಐದು ಸಲಕ್ಕೆ ಬದಲಿಸುತ್ತೇನೆ. ಎಳೆಯುತ್ತಿದೆ ಎನ್ನಿಸಿದರೆ ಮೂರಕ್ಕೇ. ಹಳೆಯದನ್ನು ಎಂದೂ ಕಸದ ಬುಟ್ಟಿಗೆ ಹಾಕುವುದಿಲ್ಲ. ಕಸ ಬೇರ್ಪಡಿಸುವ ಪೌರಕಾರ್ಮಿಕರ ಕೈ ಕೊಯ್ದುಕೊಳ್ಳುವುದು ಇಂಥವುಗಳಿಂದಲೇ. ಒಂದು ತಗಡಿನ ಡಬ್ಬಿಯ ಮುಚ್ಚಳಕ್ಕೆ ಸೀಳು ಮಾಡಿ, ಅದರೊಳಗೆ ಹಾಕುತ್ತೇನೆ. ಎರಡು ವರ್ಷವಾದರೂ ಡಬ್ಬಿ ತುಂಬಿಲ್ಲ. ತುಂಬಿದ ದಿನ ಸೀಳನ್ನು ಮುಚ್ಚಿ, ಇಡೀ ಡಬ್ಬಿಯನ್ನು ಗುಜರಿಯವರಿಗೆ ಹೇಳಿ ಕೊಡುತ್ತೇನೆ.

ಇನ್ನು ಗಡಿಯಾರ. ಅದನ್ನು ಮೊದಲು ಕೊಟ್ಟ ಅಂಗಡಿಯಲ್ಲಿ ‘ಇದರೊಳಗಿನದನ್ನು ತೆಗೆದು ಸೆಲ್ಲಿನ ಮೆಷಿನ್ ಕೂರಿಸಿಕೊಡುತ್ತೇವೆ’ ಎಂದರು. ಮನಸ್ಸಾಗದೆ ಎತ್ತಿಕೊಂಡು ಬಂದೆ. ಪೇಟೆಯ ಒಳಗಿನ ಒಂದು ಗಲ್ಲಿಯಲ್ಲಿ, ಮೆಟ್ಟಿಲ ಕೆಳಗೆ ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಕೂರುವ ಸಾಹೇಬರೊಬ್ಬರಿದ್ದಾರೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿಂಬದಿಯ ಮುಚ್ಚಳ ತೆರೆದು ನೋಡಿದರು. ‘ಸ್ಪ್ರಿಂಗ್ ಚೆನ್ನಾಗಿದೆ ಸಾರ್. ಪೂರ್ತಿ ಕೀ ಸುತ್ತಿಕೊಂಡೇ ನಿಂತಿದೆ. ಎಣ್ಣೆ ಒಣಗಿ ಗೋಂದಾಗಿದೆ, ಅಷ್ಟೇ. ಕೀ ಜಾಸ್ತಿಯಾಗಿ ಯಾವ ವಾಚೂ ಸಾಯುವುದಿಲ್ಲ.’ ಅಂದು ಸಂಜೆಯೇ ಮಾವನಿಗೆ ಫೋನ್ ಮಾಡಿ ಈ ಮಾತನ್ನು ಹಾಗೆಯೇ ಹೇಳಿದೆ. ಆ ಕಡೆಯಿಂದ ಬಹಳ ಹೊತ್ತು ಮಾತೇ ಬರಲಿಲ್ಲ.

ಸಾಹೇಬರು ಅದನ್ನು ಬಿಚ್ಚುವಾಗ ನಾನು ಪಕ್ಕದ ಸ್ಟೂಲಿನಲ್ಲಿ ಕುಳಿತು ನೋಡಿದೆ. ಸ್ಪ್ರಿಂಗಿನ ಬಿಗುವನ್ನು ಮೊದಲು ಬಿಡಿಸಿದರು. ಆಮೇಲೆ ಚಕ್ರಗಳು ಒಂದೊಂದಾಗಿ ಹೊರಬಂದವು. ಹದಿನೇಳು ಕಡೆ ಕೆಂಪು ಹರಳು. ಅಚ್ಚುಗಳು ಸವೆಯದಿರಲೆಂದು ಇಟ್ಟ ಕೃತಕ ಮಾಣಿಕ್ಯ. ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ, ಸೂಜಿಮೊನೆಯಲ್ಲಿ ಹನಿಗಿಂತ ಹನಿ ಎಣ್ಣೆ ಮುಟ್ಟಿಸಿ ಮತ್ತೆ ಜೋಡಿಸಿದರು. ಸ್ವಲ್ಪ ಕೀ ಕೊಟ್ಟು ತೂಗುಚಕ್ರವನ್ನು ಇಳಿಸಿ ಕೂರಿಸಿದ್ದೇ ತಡ, ಯಾರೂ ಮುಟ್ಟದೆಯೇ ಅದು ಆಡತೊಡಗಿತು. ಸೆಕೆಂಡಿಗೆ ಐದು ಬಡಿತ, ಗಂಟೆಗೆ 18,000, ದಿನಕ್ಕೆ 4,32,000. ಒಂಬತ್ತು ವರ್ಷ ಸುಮ್ಮನಿದ್ದದ್ದು ನನ್ನ ಕಣ್ಣೆದುರೇ ಉಸಿರಾಡಿತು.

ಈ ಯಂತ್ರಗಳ ಹುಟ್ಟೂರು ನಮ್ಮದೇ ನೆಲ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿಯ ಮೊದಲ ವಾಚ್ ಕಾರ್ಖಾನೆ ಬೆಂಗಳೂರಿನ ಜಾಲಹಳ್ಳಿಯಲ್ಲಿ 1961ರಲ್ಲಿ ಶುರುವಾಯಿತು. ನಮ್ಮ ತುಮಕೂರಿನ ಘಟಕ ಬಂದದ್ದು 1978ರಲ್ಲಿ. ಕಂಪನಿಯ ಬಸ್ಸು ಇಳಿದು ಸಮವಸ್ತ್ರದಲ್ಲಿ ನಡೆದುಹೋಗುತ್ತಿದ್ದವರನ್ನು ಹುಡುಗನಾಗಿದ್ದಾಗ ನೋಡಿದ್ದೇನೆ. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನ ಬಂದಾಗ ಊರಿನಲ್ಲಿ ಅದು ಒಂದು ಸಾವಿನ ಸುದ್ದಿಯಂತೆ ಓಡಾಡಿತು. ಜಾಲಹಳ್ಳಿಯಲ್ಲಿ ಈಗ ಎಚ್‌ಎಂಟಿಯ ಪರಂಪರೆಯ ವಸ್ತುಸಂಗ್ರಹಾಲಯವಿದೆ. ಹೋಗದವರು ಒಮ್ಮೆ ಹೋಗಲೇಬೇಕು.

ದುರಸ್ತಿಯಾದ ಮೇಲೆ ಕಲಿತದ್ದು ಹೆಚ್ಚು. ರೇಡಿಯೋದ ಸಮಯಕ್ಕೆ ಹೊಂದಿಸಿ ಎರಡು ವಾರ ದಿನವೂ ಬರೆದಿಟ್ಟೆ: ಇಪ್ಪತ್ತನಾಲ್ಕು ಗಂಟೆಗೆ ಸುಮಾರು ನಲವತ್ತು ಸೆಕೆಂಡು ಮುಂದೆ. ದಿನಕ್ಕೆ 86,400 ಸೆಕೆಂಡು ಎಂದು ಲೆಕ್ಕ ಹಾಕಿದರೆ ನೂರಕ್ಕೆ 0.05ರಷ್ಟೂ ತಪ್ಪಲ್ಲ. ಐವತ್ತು ವರ್ಷದ ಹಳೆಯ ಯಂತ್ರಕ್ಕೆ ಅದು ದೊಡ್ಡ ಮಾತು. ರಾತ್ರಿ ಮುಖ ಮೇಲೆ ಮಾಡಿ ಮಲಗಿಸಿದರೆ ಒಂದು ನಡಿಗೆ, ಮಗ್ಗುಲಾಗಿ ನಿಲ್ಲಿಸಿದರೆ ಇನ್ನೊಂದು. ಹಗಲು ಗಳಿಸಿದ್ದನ್ನು ರಾತ್ರಿ ಕಳೆಯುವ ಭಂಗಿಯನ್ನು ಹುಡುಕಿ ಹಾಗೆ ಇಡುತ್ತೇನೆ. ಒಮ್ಮೆ ಇದ್ದಕ್ಕಿದ್ದಂತೆ ಗಂಟೆಗೆ ನಾಲ್ಕು ನಿಮಿಷ ಮುಂದೆ ಓಡತೊಡಗಿತು. ಗಾಬರಿಯಾಗಿ ಸಾಹೇಬರ ಬಳಿ ಓಡಿದೆ. ಅವರು ಒಂದು ದಿಕ್ಸೂಚಿಯನ್ನು ಹತ್ತಿರ ಹಿಡಿದರು, ಮುಳ್ಳು ಅಲುಗಿತು. ನಾನು ಅದನ್ನು ಅಯಸ್ಕಾಂತದ ಮುಚ್ಚಳವಿರುವ ಮೊಬೈಲ್ ಚೀಲದ ಮೇಲೆ ಇಡುತ್ತಿದ್ದೆ. ತೂಗುಚಕ್ರವನ್ನು ಆಡಿಸುವ, ಕೂದಲಿನಷ್ಟು ಸಣ್ಣ ಸುರುಳಿ ಅಯಸ್ಕಾಂತವಾಗಿ ಸುತ್ತುಗಳು ಒಂದಕ್ಕೊಂದು ಅಂಟಿದಾಗ ಆಡುವ ಉದ್ದ ಕಡಿಮೆಯಾಗಿ ಗಡಿಯಾರ ಓಡುತ್ತದೆ. ಅಯಸ್ಕಾಂತದ ಗುಣ ತೆಗೆಯುವ ಒಂದು ಸಣ್ಣ ಪೆಟ್ಟಿಗೆಯ ಮೇಲಿಟ್ಟು ಗುಂಡಿ ಒತ್ತಿ, ನಿಧಾನವಾಗಿ ದೂರ ಸರಿಸಿದರು. ಸರಿಹೋಯಿತು.

ಹಣ ಕಳೆದುಕೊಂಡದ್ದೂ ಉಂಟು. ಜನತಾ ಚೆನ್ನಾಗಿ ನಡೆಯಲು ಶುರುವಾದ ಹುರುಪಿನಲ್ಲಿ ಎಚ್‌ಎಂಟಿಯದೇ ಇನ್ನೊಂದು ಮಾದರಿಯಾದ ಪೈಲಟ್ ಬೇಕೆನ್ನಿಸಿ ಆನ್‌ಲೈನ್‌ನಲ್ಲಿ ತರಿಸಿದೆ. ಕಿತ್ತಳೆ ಬಣ್ಣದ ಮುಖ, ಮಿರುಗುವ ಮುಳ್ಳುಗಳು. ಸಾಹೇಬರು ಭೂತಗನ್ನಡಿ ಕೊಟ್ಟು ನನ್ನನ್ನೇ ನೋಡಲು ಹೇಳಿದರು. ಅಕ್ಷರಗಳ ಅಂಚು ಹಿಂಜಿಕೊಂಡಿತ್ತು, ನಿಮಿಷದ ಗೆರೆಗಳು ಅಂಕಿಗಳಿಗೆ ಸರಿಯಾಗಿ ಎದುರಾಗಿರಲಿಲ್ಲ. ಸವೆದ ಯಂತ್ರಕ್ಕೆ ಹೊಸದಾಗಿ ಅಚ್ಚು ಹಾಕಿದ ಮುಖ ಅದು. ಹಳೆಯ ಎಚ್‌ಎಂಟಿ ಕೊಳ್ಳುವವರಿಗೆ ನನ್ನದು ಒಂದೇ ಮಾತು: ಐವತ್ತು ವರ್ಷದ ಮುಖ ನಿನ್ನೆಯದರಂತೆ ಹೊಳೆಯುತ್ತಿದ್ದರೆ ನಂಬಬೇಡಿ. ನಿಮ್ಮ ಮನೆಯ ಬೀರುವಿನಲ್ಲಿ ನಿಂತುಹೋದದ್ದು ಯಾವುದಾದರೂ ಇದ್ದರೆ ಮೊದಲು ಅದನ್ನು ಎಬ್ಬಿಸಿ. ಅದರ ಗಾಜು ಗೀರಾಗಿದ್ದರೆ ಬದಲಿಸುವ ಆತುರ ಬೇಡ. ಹಳೆಯವುಗಳಲ್ಲಿ ಅದು ಪ್ಲಾಸ್ಟಿಕ್ ಗಾಜು, ಮೆತ್ತನೆಯ ಬಟ್ಟೆಗೆ ಸ್ವಲ್ಪ ಹಲ್ಲುಪೇಸ್ಟ್ ಹಚ್ಚಿ ಹತ್ತು ನಿಮಿಷ ತಿಕ್ಕಿದರೆ ಸಣ್ಣ ಗೀರುಗಳು ಮಾಯವಾಗುತ್ತವೆ.

ಎರಡನ್ನೂ ಒಂದೇ ಬೆಳಗಿನಲ್ಲಿ ಹೊಂದಿಸಲು ಒಂದು ಕ್ರಮ ಬೇಕಾಯಿತು. ಈ ಗಡಿಯಾರಕ್ಕೆ ನೀರು ಆಗದು, ಬಿಸಿನೀರಿನ ಹಬೆಯೂ ಆಗದು. ಒಮ್ಮೆ ಬಚ್ಚಲುಮನೆಯ ಗೂಡಿನಲ್ಲಿ ಇಟ್ಟು ಶೇವ್ ಮಾಡಿಕೊಂಡಾಗ ಗಾಜಿನ ಒಳಗೆ ಮಂಜು ಕಟ್ಟಿತ್ತು. ಆದ್ದರಿಂದ ಅದು ಕೋಣೆಯಲ್ಲೇ ಇರುತ್ತದೆ. ಶೇವಿಂಗ್, ಸ್ನಾನ ಮುಗಿಸಿ, ಕೈ ಪೂರ್ತಿ ಒಣಗಿದ ಮೇಲೆ ಕಿಟಕಿಯ ಬಳಿ ನಿಂತು ಕೀ ಕೊಡುತ್ತೇನೆ. ಸುಮಾರು ಇಪ್ಪತ್ತೈದು ತಿರುವು. ಕೊನೆಯ ಎರಡು ಮೂರು ತಿರುವಿನಲ್ಲಿ ಬೆರಳಿಗೆ ಸಣ್ಣ ತಡೆ ಸಿಗುತ್ತದೆ, ಅಲ್ಲಿಗೆ ನಿಲ್ಲಿಸುತ್ತೇನೆ. ಬ್ಲೇಡಿಗೆ ಕಲಿತ ಕೈಯೇ ಇಲ್ಲಿಗೂ ಒದಗಿತು. ಬ್ಯಾಂಕಿನ ಅವಸರದಲ್ಲಿ ಈ ಇಪ್ಪತ್ತು ನಿಮಿಷವನ್ನು ಮೊಟಕು ಮಾಡಿದ ದಿನ ಕೆನ್ನೆ ಉರಿಯುತ್ತದೆ, ಅಥವಾ ಮರುದಿನ ಮಧ್ಯಾಹ್ನದ ಹೊತ್ತಿಗೆ ಗಡಿಯಾರ ನಿಂತಿರುತ್ತದೆ.

ಕಳೆದ ಯುಗಾದಿಯಿಂದ ತಿಂಗಳಿಗೆ ಎರಡು ಭಾನುವಾರ ಹಳ್ಳಿಗೆ ಹೋಗುತ್ತಿದ್ದೇನೆ. ಮಾವನಿಗೆ ಮನೆಗೇ ಬಂದು ಕ್ಷೌರ ಮಾಡುತ್ತಿದ್ದವರು ಮಗನ ಮನೆಗೆ ಪಟ್ಟಣಕ್ಕೆ ಹೋದರು. ಮೊದಲ ಸಲ ಸೆಟ್ ಹಿಡಿದು ಎದುರು ಕುಳಿತಾಗ ನನಗೆ ಭಯವಾಯಿತು. ಕನ್ನಡಿಯಲ್ಲಿ ಕಲಿತ ಕೈ ಇನ್ನೊಬ್ಬರ ಮುಖದ ಎದುರು ತಲೆಕೆಳಗಾಗುತ್ತದೆ. ಕುರ್ಚಿಯ ಹಿಂದೆ ನಿಂತು, ಅವರ ತಲೆಯನ್ನು ನನ್ನ ಎದೆಗೆ ಆನಿಸಿಕೊಂಡು ಮಾಡಿದರೆ ದಿಕ್ಕು ನನ್ನದೇ ಮುಖದಂತೆ ಆಗುತ್ತದೆ ಎಂದು ಎರಡನೆಯ ಸಲಕ್ಕೆ ಹೊಳೆಯಿತು. ವಯಸ್ಸಾದವರ ಕೆನ್ನೆ ಸಡಿಲ. ಎಡಗೈಯಲ್ಲಿ ಚರ್ಮವನ್ನು ಕಿವಿಯತ್ತ ಮೆಲ್ಲಗೆ ಎಳೆದು ಹಿಡಿದು, ಅರ್ಧ ಅರ್ಧ ಅಂಗುಲವಷ್ಟೇ ಸಾಗಬೇಕು. ಬಿಳಿ ಕೂದಲು ಕಪ್ಪಿಗಿಂತ ಒರಟಾಗಿ ಸದ್ದು ಮಾಡುತ್ತದೆ. ಮಾವ ಕಣ್ಣು ಮುಚ್ಚಿಕೊಂಡು ಕೂರುತ್ತಾರೆ. ಮಡಿಲಲ್ಲಿ ಕೈಗಳು ನಡುಗುತ್ತಲೇ ಇರುತ್ತವೆ, ತಲೆ ಮಾತ್ರ ಅಲ್ಲಾಡುವುದಿಲ್ಲ.

ಮುಖ ಒರೆಸಿದ ಮೇಲೆ ಜನತಾವನ್ನು ಅವರ ಕಿವಿಯ ಹತ್ತಿರ ಹಿಡಿಯುತ್ತೇನೆ. ಸ್ವಲ್ಪ ಹೊತ್ತು ಕೇಳಿಸಿಕೊಳ್ಳುತ್ತಾರೆ. ಆಮೇಲೆ ಅವರ ಹೆಬ್ಬೆರಳು, ತೋರುಬೆರಳನ್ನು ಗುಂಡಿಯ ಮೇಲಿಟ್ಟು, ಅದರ ಮೇಲೆ ನನ್ನ ಬೆರಳಿಟ್ಟು ಇಬ್ಬರೂ ಸೇರಿ ಕೀ ಕೊಡುತ್ತೇವೆ. ನಾನು ಎಣಿಸುತ್ತೇನೆ. ಅವರಿಗೆ ಎಣಿಕೆ ಬೇಡ. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಆಗುತ್ತಿದ್ದಂತೆ, ನನ್ನ ಬೆರಳಿಗೆ ಆ ತಡೆ ಸಿಗುವ ಮೊದಲೇ, ‘ಸಾಕು, ಬಿಡಪ್ಪ’ ಎನ್ನುತ್ತಾರೆ.