ಎರಡನೆಯ ದೇಣಿಗೆ

ನಮ್ಮದು ಕಣ್ಣು ಕಾಣದ ಮಕ್ಕಳಿಗಾಗಿ ಪಠ್ಯಪುಸ್ತಕಗಳನ್ನು ಓದಿ, ಧ್ವನಿಮುದ್ರಿಸಿ ಕೊಡುವ ಸಣ್ಣ ಸಂಸ್ಥೆ. ಓದುವವರೆಲ್ಲ ಸ್ವಯಂಸೇವಕರು. ಧ್ವನಿಮುದ್ರಣದ ಕೊಠಡಿ, ಉಪಕರಣ, ಇಬ್ಬರ ಸಂಬಳ ಎಲ್ಲಕ್ಕೂ ದೇಣಿಗೆಯೇ ಆಧಾರ. ಅದನ್ನು ಸಂಗ್ರಹಿಸುವ ಹೊಣೆ ನನ್ನ ಹೆಗಲಿಗೆ ಬಂದಾಗ ನನಗೆ ತಿಳಿದಿದ್ದ ದಾರಿ ಒಂದೇ: ಹೊಸಬರನ್ನು ಹುಡುಕುವುದು, ಕೇಳುವುದು. ವರ್ಷವಿಡೀ ಅದನ್ನೇ ಮಾಡಿದೆ.

ವರ್ಷದ ಕೊನೆಯಲ್ಲಿ ಲೆಕ್ಕಪತ್ರ ಮುಗಿಸುವಾಗ ಹಿಂದಿನ ವರ್ಷದ ದಾನಿಗಳ ಪಟ್ಟಿಯನ್ನು ಈ ವರ್ಷದ ಪಟ್ಟಿಯ ಪಕ್ಕದಲ್ಲಿಟ್ಟುಕೊಂಡು, ಎರಡರಲ್ಲೂ ಇರುವ ಹೆಸರುಗಳಿಗೆ ಪೆನ್ಸಿಲಿನಿಂದ ಗುರುತು ಹಾಕುತ್ತ ಹೋದೆ. ಅರ್ಧಕ್ಕಿಂತ ಹೆಚ್ಚು ಹೆಸರುಗಳಿಗೆ ಗುರುತೇ ಬೀಳಲಿಲ್ಲ. ತೂತು ಬಿದ್ದ ಕೊಡಕ್ಕೆ ನೀರು ಹೊತ್ತು ತಂದು ಸುರಿಯುತ್ತಿದ್ದೆವು. ಅಂದು ರಾತ್ರಿ ಒಂದು ಸರಳ ಲೆಕ್ಕ ಹಾಕಿ ನೋಡಿದೆ. ನೂರು ದಾನಿಗಳಲ್ಲಿ ಪ್ರತಿವರ್ಷ ಶೇಕಡಾ 40ರಷ್ಟು ಮಂದಿ ಮಾತ್ರ ಉಳಿದುಕೊಂಡರೆ ಮರುವರ್ಷ 40, ಅದರ ಮುಂದಿನ ವರ್ಷ 16, ಮೂರನೆಯ ವರ್ಷ ಆರೇ ಮಂದಿ. ಶೇಕಡಾ 60ರಷ್ಟು ಮಂದಿ ಉಳಿದರೆ ಮೂರನೆಯ ವರ್ಷಕ್ಕೆ ಸುಮಾರು 22 ಮಂದಿ ಇರುತ್ತಾರೆ, ಅಂದರೆ ಮೂರರಷ್ಟಕ್ಕಿಂತ ಹೆಚ್ಚು. ಮೊದಲ ದೇಣಿಗೆಗಾಗಿ ಇಷ್ಟು ಓಡಾಡಿದ ನಾನು ಎರಡನೆಯ ದೇಣಿಗೆಯ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ.

ಬಿಟ್ಟುಹೋದವರಿಗೆ ನಾನೇ ಫೋನ್ ಮಾಡಲು ಆರಂಭಿಸಿದೆ. ಈ ಕರೆಯಲ್ಲಿ ಹಣದ ಮಾತೆತ್ತಕೂಡದು ಎಂದು ನನಗೆ ನಾನೇ ಕಟ್ಟುಪಾಡು ಹಾಕಿಕೊಂಡಿದ್ದೆ. ‘ನೀವು ನಮಗೆ ನೆರವಾಗಿದ್ದಿರಿ, ಆಮೇಲೆ ನಮ್ಮಿಂದ ಏನಾದರೂ ಲೋಪವಾಯಿತೇ?’ ಎಂದಷ್ಟೇ ಕೇಳುತ್ತಿದ್ದೆ. ಕೈಯಲ್ಲಿ ಹಣವಿಲ್ಲ ಎಂದವರು ಕೆಲವರೇ. ಹಲವರಿಗೆ ತಾವು ಕೊಟ್ಟದ್ದೇ ನೆನಪಿರಲಿಲ್ಲ. ನೆನಪಾಗುವಂತಹ ಏನನ್ನೂ ನಾವು ಮಾಡಿರಲಿಲ್ಲವಲ್ಲ.

ಒಬ್ಬ ಹಿರಿಯ ಮಹಿಳೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ನೋಡಿ, ನಮ್ಮ ಯಜಮಾನರು ತೀರಿಕೊಂಡ ವರ್ಷ ಅವರ ನೆನಪಿಗೆಂದು ಕೊಟ್ಟಿದ್ದೆ. ಆಮೇಲೆ ನಿಮ್ಮಿಂದ ಮೂರು ಪತ್ರಗಳು ಬಂದವು. ಮೂರೂ ಅವರ ಹೆಸರಿಗೇ ಬಂದವು. ‘ಮಾನ್ಯರೇ, ನಿಮ್ಮ ಬೆಂಬಲ ಹೀಗೆಯೇ ಮುಂದುವರಿಯಲಿ’ ಎಂದು ಬರೆದಿತ್ತು.”

ದಫ್ತರ ತೆಗೆದು ನೋಡಿದೆ. ‘ಸ್ಮರಣಾರ್ಥ’ ಎಂಬ ಕಾಲಮಿನಲ್ಲಿ ಇರಬೇಕಾದ ಹೆಸರು ವಿಳಾಸದ ಕಾಲಮಿಗೆ ಸೇರಿಕೊಂಡಿತ್ತು. ಬೆರಳಚ್ಚಿನ ಸಣ್ಣ ತಪ್ಪು. ಆದರೆ ಆ ಮನೆಯಲ್ಲಿ ಲಕೋಟೆಯನ್ನು ಮೂರು ಸಲ ಒಡೆದವರು ಅವರ ಪತ್ನಿ. ಮರುದಿನವೇ ಅವರ ಮನೆಗೆ ಹೋಗಿ ಕ್ಷಮೆ ಕೇಳಿ ಬಂದೆ.

ಅಲ್ಲಿಂದ ಮುಂದೆ ಕೆಲಸದ ಕ್ರಮವನ್ನೇ ಬದಲಿಸಿದೆವು. ರಸೀದಿ ಕಳುಹಿಸಿದರೆ ಕೃತಜ್ಞತೆ ಹೇಳಿದಂತಾಯಿತು ಎಂದು ನಾವು ತಿಳಿದಿದ್ದೆವು. ರಸೀದಿ ಲೆಕ್ಕಕ್ಕೆ ಬೇಕಾದ ಕಾಗದ, ಅಷ್ಟೇ. ಈಗ ದೇಣಿಗೆ ಬಂದ ಎರಡು ದಿನಗಳೊಳಗೆ ನಮ್ಮಲ್ಲೊಬ್ಬರು ಫೋನ್ ಮಾಡುತ್ತಾರೆ. ಹೆಚ್ಚಾಗಿ ಪುಸ್ತಕ ಓದುವ ಸ್ವಯಂಸೇವಕರೇ ಮಾಡುತ್ತಾರೆ, ಏಕೆಂದರೆ ಕೆಲಸದ ಬಗ್ಗೆ ಕೇಳಿದರೆ ಕಣ್ಣಾರೆ ಕಂಡದ್ದನ್ನು ಹೇಳಬಲ್ಲವರು ಅವರು. ಮೊತ್ತ ಎಷ್ಟೇ ಸಣ್ಣದಿದ್ದರೂ ಕರೆ ತಪ್ಪುವುದಿಲ್ಲ.

ಇದಕ್ಕೆ ನಮ್ಮ ಟ್ರಸ್ಟಿಯೊಬ್ಬರ ಆಕ್ಷೇಪವಿತ್ತು. ದೊಡ್ಡ ದಾನಿಗಳತ್ತ ಗಮನ ಕೊಟ್ಟರೆ ಸಾಲದೇ ಎಂದರು. ನಾನು ಅವರಿಗೆ ನ್ಯೂಯಾರ್ಕಿನ ಸ್ವಾತಂತ್ರ್ಯ ಪ್ರತಿಮೆಯ ಪೀಠದ ಕಥೆ ಹೇಳಿದೆ. 1885ರಲ್ಲಿ ಆ ಪೀಠ ಕಟ್ಟಲು ಹಣ ಸಾಲದೆ ಕೆಲಸ ನಿಂತಾಗ ಜೋಸೆಫ್ ಪುಲಿಟ್ಜರ್ ತಮ್ಮ ಪತ್ರಿಕೆಯಲ್ಲಿ ಜನರ ಮುಂದೆ ಕೈಚಾಚಿದರು. ಎಷ್ಟೇ ಕಡಿಮೆ ಕೊಟ್ಟರೂ ಕೊಟ್ಟವರ ಹೆಸರು ಅಚ್ಚಾಗುತ್ತದೆ ಎಂದು ಮಾತು ಕೊಟ್ಟರು. ಸುಮಾರು ಐದು ತಿಂಗಳಲ್ಲಿ ಒಂದು ಲಕ್ಷ ಡಾಲರಿಗೂ ಹೆಚ್ಚು ಹಣ ಸೇರಿತು. ಕೊಟ್ಟವರ ಸಂಖ್ಯೆಯೂ ಲಕ್ಷ ದಾಟಿತ್ತು, ಅವರಲ್ಲಿ ಬಹುಪಾಲು ಮಂದಿ ಕೊಟ್ಟದ್ದು ಒಂದು ಡಾಲರಿಗಿಂತ ಕಡಿಮೆ. ಟ್ರಸ್ಟಿ ಮರುಮಾತಾಡಲಿಲ್ಲ. ಮರುವಾರ ಹತ್ತು ಹೆಸರುಗಳ ಪಟ್ಟಿ ಕೇಳಿ ಪಡೆದು ತಾವೇ ಫೋನ್ ಮಾಡಿದರು.

ಪತ್ರ ಬರೆಯುವ ಕ್ರಮ ಬದಲಿಸಲು ನನಗೆ ಹೆಚ್ಚು ಕಾಲ ಹಿಡಿಯಿತು. ‘ನಿಮ್ಮ ಅಮೂಲ್ಯ ದೇಣಿಗೆಗೆ ಸಂಸ್ಥೆಯು ಚಿರಋಣಿ, ಧ್ಯೇಯೋದ್ದೇಶಗಳ ಸಾಧನೆಗೆ ನಿರಂತರ ಶ್ರಮಿಸುತ್ತಿದ್ದೇವೆ’ ಎಂದು ಬರೆಯುತ್ತಿದ್ದ ಕೈ ಅದು. ಹೊಸ ಪತ್ರ ಹೀಗಿತ್ತು: ‘ನೀವು ಕೊಟ್ಟ ಹಣ ಎಂಟನೆಯ ತರಗತಿಯ ವಿಜ್ಞಾನ ಪುಸ್ತಕಕ್ಕೆ ಬಳಕೆಯಾಯಿತು. ಬೆಳಕಿನ ಪಾಠದ ಚಿತ್ರಗಳನ್ನು ಮಾತಿನಲ್ಲಿ ಕಟ್ಟಿಕೊಡಲು ನಮ್ಮ ಓದುಗರು ಅದನ್ನು ನಾಲ್ಕು ಸಲ ಧ್ವನಿಮುದ್ರಿಸಬೇಕಾಯಿತು. ಕೇಳಿದ ಹುಡುಗಿಯೊಬ್ಬಳು, “ಪೀನ ಮಸೂರ ಎಂದರೆ ಬೆರಳಿಗೆ ಹೇಗೆ ತಿಳಿಯುತ್ತದೆ?” ಎಂದಳು. ಈಗ ಪಾಠದ ಜೊತೆಗೆ ಒಂದು ಮಸೂರವನ್ನೂ ಮಕ್ಕಳ ಕೈಗೆ ಕೊಡುತ್ತಿದ್ದೇವೆ.’ ಪತ್ರದ ಕೆಳಗೆ ಬ್ಯಾಂಕ್ ಖಾತೆಯ ವಿವರ ಇರಲಿ ಎಂದು ಲೆಕ್ಕಿಗರು ಒತ್ತಾಯಿಸಿದರು. ನಾನು ಒಪ್ಪಲಿಲ್ಲ. ಕೃತಜ್ಞತೆಯ ಪತ್ರದ ಬಾಲಕ್ಕೆ ಬೇಡಿಕೆ ಕಟ್ಟಿದರೆ ಓದುವವರ ಕಣ್ಣಿಗೆ ಬೀಳುವುದು ಆ ಬಾಲವೇ. ಇನ್ನೊಂದು ವಿಷಯದಲ್ಲಿ ನಾನು ಬಹಳ ಗಟ್ಟಿ: ಮಗುವಿನ ಹೆಸರು, ಮುಖ ಪತ್ರದಲ್ಲಿ ಬರಕೂಡದು. ಅಯ್ಯೋ ಪಾಪ ಎನ್ನಿಸಿ ಹಣ ತರುವುದಕ್ಕೆ ಆ ಮಕ್ಕಳು ನಮ್ಮಲ್ಲಿಗೆ ಬರುತ್ತಿಲ್ಲ.

ದಾನಿಗಳ ದಫ್ತರದಲ್ಲಿ ‘ಟಿಪ್ಪಣಿ’ ಎಂಬ ಕಾಲಮ್ ಹೊಸದಾಗಿ ಸೇರಿತು. ಯಾರ ನೆನಪಿಗೆ ಕೊಟ್ಟರು, ಫೋನ್ ಇಷ್ಟವೋ ಪತ್ರವೋ, ಹೆಸರು ಎಲ್ಲೂ ಬೇಡ ಎಂದಿದ್ದಾರೋ ಎಂಬುದೆಲ್ಲ ಅದರಲ್ಲಿರುತ್ತದೆ. ಆ ದಾನಿಯೇ ಬಂದು ಓದಿದರೂ ನಮಗೆ ಮುಜುಗರವಾಗದಂತಹ ಮಾತನ್ನು ಮಾತ್ರ ಅಲ್ಲಿ ಬರೆಯುತ್ತೇವೆ. ದೇಣಿಗೆ ಸಂಗ್ರಹವನ್ನೇ ವೃತ್ತಿಯಾಗಿಸಿಕೊಂಡವರ ಅಮೆರಿಕದ ಸಂಘಗಳು ದಾನಿಗಳ ಹತ್ತು ಹಕ್ಕುಗಳ ಪಟ್ಟಿಯೊಂದನ್ನು ಮಾಡಿವೆ. ಕೊಟ್ಟ ಉದ್ದೇಶಕ್ಕೇ ಹಣ ಬಳಕೆಯಾಗಬೇಕು, ಮಾಹಿತಿ ಗೋಪ್ಯವಾಗಿರಬೇಕು, ಕೇಳಿದ ಪ್ರಶ್ನೆಗೆ ಬೇಗನೆ ನಿಜವಾದ ಉತ್ತರ ಸಿಗಬೇಕು ಎಂಬುವು ಅದರಲ್ಲಿವೆ. ಆ ಪಟ್ಟಿಯನ್ನು ನಮ್ಮ ಕಚೇರಿಯ ಗೋಡೆಗೆ ಅಂಟಿಸಿದ್ದೇನೆ.

ತಿಂಗಳು ತಿಂಗಳು ಸಣ್ಣ ಮೊತ್ತ ಕೊಡುವವರೇ ನಮ್ಮ ಸಂಬಳದ ದಿನಗಳನ್ನು ಕಾಪಾಡಿದವರು. ಅಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಎಷ್ಟೋ ಮಂದಿ ನಿಲ್ಲಿಸುವುದು ಮನಸ್ಸಿಲ್ಲದೆ ಅಲ್ಲ, ಕಾರ್ಡಿನ ಅವಧಿ ಮುಗಿದು ಪಾವತಿ ತಾನಾಗಿ ನಿಂತಿರುತ್ತದೆ. ಅವಧಿ ಮುಗಿಯುವ ತಿಂಗಳಿಗೆ ಮೊದಲೇ ಒಂದು ಮಾತು ತಿಳಿಸಿದರೆ ಸಾಕು.

ಕಳೆದ ವರ್ಷ ಮೂರು ಗಣಿತ ಪುಸ್ತಕಗಳಿಗೆಂದು ಹಣ ಎತ್ತಿದ್ದೆವು. ವರ್ಷ ಮುಗಿಯುವಾಗ ಒಂದೇ ಪುಸ್ತಕ ಆಗಿತ್ತು. ಸಮೀಕರಣಗಳನ್ನು ಗೊಂದಲವಿಲ್ಲದೆ ಓದುವ ಕ್ರಮ ಕಂಡುಕೊಳ್ಳುವುದರಲ್ಲೇ ತಿಂಗಳುಗಳು ಕಳೆದಿದ್ದವು. ಯಾರಾದರೂ ಕೇಳಿದ ಮೇಲೆ ಹೇಳೋಣ ಎಂದರು ಕೆಲವರು. ಕೇಳುವ ಮೊದಲೇ ಬರೆದೆವು: ಆದದ್ದು ಇಷ್ಟು, ಉಳಿದ ಹಣ ಇಷ್ಟು, ಬೇಕೆಂದವರಿಗೆ ಹಿಂದಿರುಗಿಸುತ್ತೇವೆ. ಪತ್ರ ಹಾಕಿದ ಮೇಲೆ ಎರಡು ದಿನ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ.

ಮೂರನೆಯ ದಿನ ಅದೇ ಹಿರಿಯ ಮಹಿಳೆಯ ಫೋನ್ ಬಂತು. ನಾನು ಅವರ ಮನೆಗೆ ಹೋಗಿ ಬಂದ ಮೇಲೆ ಅವರು ಮತ್ತೆ ಕೊಡಲು ಆರಂಭಿಸಿದ್ದರು. ಹಣದ ಮಾತನ್ನು ಅವರು ಆಡಲೇ ಇಲ್ಲ.

“ಮುಗಿದಿದೆ ಎಂದಿರಲ್ಲ, ಆ ಒಂದು ಪುಸ್ತಕವನ್ನು ನನಗೂ ಕೇಳಿಸುತ್ತೀರಾ? ಯಜಮಾನರು ಗಣಿತದ ಮೇಷ್ಟ್ರಾಗಿದ್ದವರು” ಎಂದರು.

ಮೊದಲ ಅಧ್ಯಾಯ ಹಾಕಿ ಫೋನನ್ನು ಸ್ಪೀಕರಿನ ಹತ್ತಿರ ಹಿಡಿದೆ. ಅಧ್ಯಾಯ ಮುಗಿಯುವ ತನಕ ಅವರು ಫೋನ್ ಇಡಲಿಲ್ಲ.