ಕಾರವಾರದ ಅಂಗಳದಲ್ಲಿ ಗಿಡ್ಡ ಸೂರ್ಯಕಾಂತಿ: ನನ್ನ ಅನುಭವ

ಸೂರ್ಯಕಾಂತಿ ಅಂದರೆ ಗದಗ, ಕೊಪ್ಪಳ, ರಾಯಚೂರು ಕಡೆಯ ಬೆಳೆ, ಘಟ್ಟದ ಕೆಳಗೆ ಅದು ಏಳುವುದಿಲ್ಲ ಎಂದವರು ಒಬ್ಬಿಬ್ಬರಲ್ಲ. ಶಿರಸಿಯ ಭಾವ ಫೋನಿನಲ್ಲೇ ತೀರ್ಪು ಕೊಟ್ಟಿದ್ದರು: "ಅದು ನಮ್ಮ ಬದಿಗೆ ಬತ್ತಿಲ್ಲೆ, ಸುಮ್ನೆ ದುಡ್ಡು ಹಾಳು ಮಾಡಡ ಮಾರಾಯಾ." ನರ್ಸರಿಯವರು ನಕ್ಕು ದಾಸವಾಳದ ಸಾಲಿನ ಕಡೆ ಕೈ ತೋರಿಸಿದರು. ಕಳೆದ ಜನವರಿಯಲ್ಲಿ ಅದೇ ಭಾವ ಕೋಡಿಬಾಗದ ನಮ್ಮ ಮನೆಗೆ ಬಂದು, ಹೂವಿದ್ದ ಎರಡು ಕುಂಡ ಕಾರಿನ ಡಿಕ್ಕಿಗೆ ಏರಿಸಿಕೊಂಡು ಹೋದರು. ದುಡ್ಡು ಕೊಡಲಿಲ್ಲ. ಭಾವ ಅಲ್ವಾ, ಕೇಳುವ ಹಾಗೂ ಇಲ್ಲ.

ಕುಂಡದಲ್ಲಿ ಹೂವು ಬೆಳೆಸಿ ಗೊತ್ತಿದ್ದವರಿಗೆ ಮಣ್ಣು ಕಲಸುವುದು, ತಳಕ್ಕೆ ತೂತು ಹೊಡೆಯುವುದು ನಾನು ಹೇಳಬೇಕಿಲ್ಲ. ಈ ಊರಿನಲ್ಲಿ ಈ ಗಿಡ ಎಲ್ಲೆಲ್ಲಿ ಕೈಕೊಡುತ್ತದೆ, ಎಷ್ಟು ದುಡ್ಡು ತಿನ್ನುತ್ತದೆ, ಅದನ್ನಷ್ಟು ಬರೆಯುತ್ತೇನೆ.

ಮೊದಲು ಮಳೆಯ ವಿಷಯ. ವರ್ಷಕ್ಕೆ 3,000 ಮಿಲಿಮೀಟರ್ ಆಚೀಚೆ ಸುರಿಯುವ ಊರು ನಮ್ಮದು. ದೀಪಾವಳಿಗೆ ಹೂವು ಬಂದರೆ ಒಳ್ಳೆ ರೇಟು ಸಿಗುತ್ತದೆ ಎಂದು ಮೊದಲ ವರ್ಷ ಆಗಸ್ಟ್ ಕೊನೆಗೇ ಬೀಜ ಹಾಕಿದ್ದೆ. ಹನಿ ತಾಗಬಾರದೆಂದು ಹಿತ್ತಲಲ್ಲಿ ಬಿಳಿ ಪ್ಲಾಸ್ಟಿಕ್ ಶೀಟಿನ ಮಾಡು ಕಟ್ಟಿಸಿದೆ. ಶೀಟು, ಪೈಪು, ಕೂಲಿ ಎಲ್ಲ ಸೇರಿ ಎರಡೂವರೆ ಸಾವಿರದ ಹತ್ತಿರ ಹೋಯಿತು. ಮಳೆ ತಾಗಲಿಲ್ಲ, ನಿಜ. ಬಿಸಿಲೂ ತಾಗಲಿಲ್ಲ. ವಾರಗಟ್ಟಲೆ ಮೋಡ, ಕೆಳಗೆ ಕುದಿಯುವ ಸೆಕೆ. ಸಸಿಗಳು ಬೆಳಕು ಹುಡುಕಿಕೊಂಡು ಸಪೂರಾಗಿ ಎದ್ದವು. ಒಂದೊಂದೇ ಬುಡ ಕೊಳೆತು ಮಲಗಿದವು. ಭಾವನಿಗೆ ಗೊತ್ತಿರುವುದು ಅಡಿಕೆಯ ಕೊಳೆರೋಗ, ಹಾಗಾಗಿ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ದ್ರಾವಣ) ಹೊಡೆ ಎಂದರು. ನಾಲ್ಕೈದು ಸಸಿಗೆ ತೆಳುವಾಗಿ ಹೊಡೆದು ನೋಡಿದೆ. ಎಲೆಯ ಅಂಚು ಸುಟ್ಟುಹೋಯಿತು, ಅಷ್ಟೇ ಲಾಭ. ಬೀಜ, ಚೀಲ, ಗೊಬ್ಬರ ಎಲ್ಲ ಸೇರಿ ಆ ವರ್ಷ ನಾಲ್ಕು ಸಾವಿರ ಮುಟ್ಟಿತ್ತು. ಅರಳಿದ ಹೂವು ಹತ್ತೋ ಹನ್ನೆರಡೋ. ಹೂವೊಂದಕ್ಕೆ ಸುಮಾರು 350 ರೂಪಾಯಿ. ಈ ಲೆಕ್ಕ ನಮ್ಮ ಮನೆಯಲ್ಲಿ ಇವತ್ತಿಗೂ ಊಟದ ಹೊತ್ತಿಗೆ ಏಳುತ್ತದೆ.

ಈಗ ನವರಾತ್ರಿ ಕಳೆಯುವ ತನಕ ಬೀಜದ ಪ್ಯಾಕೆಟ್ ಒಡೆಯುವುದಿಲ್ಲ. ಅಕ್ಟೋಬರ್ ಕೊನೆಗೆ ಹಾಕಿದರೆ ಕ್ರಿಸ್‌ಮಸ್ ಹೊತ್ತಿಗೆ ಅರಳುತ್ತದೆ. ಗಿಡ್ಡ ತಳಿಗಳಿಗೆ ನಮ್ಮಲ್ಲಿ 50ರಿಂದ 60 ದಿನ ಸಾಕು. ಇನ್ನೊಂದು ಸರದಿ ನವೆಂಬರ್ ಮಧ್ಯದಲ್ಲಿ. ಜನವರಿ ದಾಟಿ ಹಾಕಿದರೆ ಹೂವಿನ ಹೊತ್ತಿಗೆ ಏಪ್ರಿಲ್ ಸೆಕೆ ಬರುತ್ತದೆ, ಎಲೆ ಮೇಲೆ ಬೂದಿರೋಗ ಕೂರುತ್ತದೆ. ಹಠ ಇದ್ದವರು ಹಾಕಿ ನೋಡಲಿ, ನಾನು ಬಿಟ್ಟಿದ್ದೇನೆ.

ಬೀಜಕ್ಕೆ ದುಡ್ಡು ಜಾಸ್ತಿ. 15–20 ಬೀಜದ ಪ್ಯಾಕೆಟ್‌ಗೆ 150ರಿಂದ 200 ರೂಪಾಯಿ. ನಾನು ನೆಚ್ಚಿಕೊಂಡಿದ್ದು ಎರಡು ತಳಿ: ತುಂಬು ಎಸಳಿನ ಟೆಡ್ಡಿ ಬೇರ್, ಮತ್ತೆ ಗಿಡ್ಡ ಗಿಡದ ಮೇಲೆ ದೊಡ್ಡ ಮುಖ ಹೊರುವ ಸನ್‌ಸ್ಪಾಟ್. ಒಮ್ಮೆ ಆನ್‌ಲೈನ್ ಮಾರಾಟಗಾರನೊಬ್ಬ ಟೆಡ್ಡಿ ಬೇರ್ ಎಂದು ಕಳಿಸಿದ್ದು ಎಣ್ಣೆಕಾಳಿನ ಸೂರ್ಯಕಾಂತಿ. ಸೊಂಟ ದಾಟಿತು, ಹೆಗಲಿಗೆ ಬಂತು, ಒಂದು ಸಂಜೆ ಪಡುವಣ ಗಾಳಿಗೆ ಕುಂಡದ ಸಮೇತ ಅಡ್ಡ ಬಿತ್ತು. ದುಡ್ಡು ವಾಪಸ್ ಕೇಳಿದ್ದಕ್ಕೆ, "ಸರ್, ಚೆನ್ನಾಗಿ ಬೆಳೆದಿದೆಯಲ್ಲ" ಎಂಬ ಉತ್ತರ ಬಂತು.

ಇನ್ನೊಂದು, ನಮ್ಮ ತೇವದ ಹವೆಯಲ್ಲಿ ಮಳೆಗಾಲ ದಾಟಿಸಿದ ಬೀಜವನ್ನು ನಂಬಬಾರದು. ಜೂನ್‌ನಲ್ಲಿ ತಂದು ಕಪಾಟಿನಲ್ಲಿಟ್ಟ ಪ್ಯಾಕೆಟ್‌ನಲ್ಲಿ ಮೂರರಲ್ಲಿ ಒಂದು ಪಾಲು ಹುಟ್ಟಿದ್ದೇ ಹೆಚ್ಚು. ಅಕ್ಟೋಬರ್‌ನಲ್ಲಿ ತರಿಸಿದ್ದು ಹೆಚ್ಚುಕಡಿಮೆ ಎಲ್ಲ ಹುಟ್ಟಿತು. ಉಳಿದ ಬೀಜವನ್ನು ಈಗ ಹುರಿದು ಆರಿಸಿದ ಅಕ್ಕಿಯ ಜೊತೆ ಬಿಗಿ ಮುಚ್ಚಳದ ಬಾಟಲಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡುತ್ತೇನೆ.

ಟ್ರೇಯಲ್ಲಿ ಸಸಿ ಮಾಡಿ ಆಮೇಲೆ ಕಿತ್ತು ಕುಂಡಕ್ಕೆ ನೆಡುವ ಅಭ್ಯಾಸ ಇದ್ದವರು ಇಲ್ಲಿ ಅದನ್ನು ಬಿಡಬೇಕು. ಇದರ ತಾಯಿಬೇರು ಎರಡೆಲೆ ಹೊತ್ತಿಗೇ ಟ್ರೇಯ ತಳ ಮುಟ್ಟಿರುತ್ತದೆ. ಅದು ಮುದುಡಿತೋ, ಗಿಡ ಗೇಣುದ್ದಕ್ಕೇ ನಿಂತು ಅಂಗಿ ಗುಂಡಿಯಷ್ಟು ಹೂವು ಬಿಟ್ಟು ಮುಗಿಸಿಬಿಡುತ್ತದೆ. ಪೇಪರ್ ಕಪ್ಪಿನಲ್ಲಿ ಮಾಡಿ ಕಪ್ಪಿನ ಸಮೇತ ಇಟ್ಟೂ ನೋಡಿದೆ, ದೊಡ್ಡ ವ್ಯತ್ಯಾಸ ಇಲ್ಲ. ನೇರ ಕುಂಡಕ್ಕೇ, ಒಂದು ಬೆರಳುಗೆಣ್ಣಿನ ಆಳಕ್ಕೆ, ಎರಡೆರಡು ಬೀಜ. ಐದಾರು ದಿನಕ್ಕೆ ಮೊಳಕೆ. ಕೆಲವು ಸಸಿ ಬೀಜದ ಸಿಪ್ಪೆಯನ್ನು ತಲೆ ಮೇಲೆ ಹೊತ್ತುಕೊಂಡೇ ಮೇಲೆ ಬರುತ್ತವೆ, ಎಲೆಯ ತುದಿ ಅದರೊಳಗೆ ಸಿಕ್ಕಿಕೊಂಡಿರುತ್ತದೆ. ಕಂಡ ಕೂಡಲೇ ಎಳೆಯಲು ಕೈ ತುರಿಸುತ್ತದೆ. ಎಳೆದರೆ ಎಲೆ ಹರಿದು ಬರುತ್ತದೆ. ಸಂಜೆ ಬೆರಳು ಅದ್ದಿ ಸಿಪ್ಪೆ ಮೇಲೆ ಎರಡು ಹನಿ ಬಿಡಿ, ರಾತ್ರಿಯೂ ಒಮ್ಮೆ. ಬೆಳಿಗ್ಗೆ ಸಿಪ್ಪೆ ಮೆತ್ತಗಾಗಿ ತಾನೇ ಜಾರಿರುತ್ತದೆ.

ಕುಂಡ ಎಂದೆನಲ್ಲ, ನನ್ನದು ನಿಜಕ್ಕೂ ಕುಂಡ ಅಲ್ಲ, ಬೈತಖೋಲ ಬಂದರಿನಿಂದ ತಂದ ಥರ್ಮಾಕೋಲ್ ಮೀನಿನ ಪೆಟ್ಟಿಗೆ. ಮೂಲೆ ಮುರಿದದ್ದು ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತದೆ, ಪರಿಚಯ ಇದ್ದರೆ ಪುಕ್ಕಟೆ. ಕಪ್ಪು ಗ್ರೋ ಬ್ಯಾಗ್ ಮಧ್ಯಾಹ್ನದ ಬಿಸಿಲಿಗೆ ಕಾದು ಬೇರು ಬೇಯಿಸುತ್ತದೆ. ಈ ಬಿಳಿ ಪೆಟ್ಟಿಗೆಯಲ್ಲಿ ಮಣ್ಣು ತಂಪಾಗಿರುತ್ತದೆ. ಒಂದಡಿ ಆಳ ಇರುವುದನ್ನೇ ಆರಿಸಿ, ಕಾಯಿಸಿದ ಸರಳಿನಿಂದ ತಳಕ್ಕೆ ತೂತು ಹೊಡೆದು, ಒಂದು ಪೆಟ್ಟಿಗೆಗೆ ಮೂರು ಗಿಡ. ಉಪ್ಪು ಇಳಿಯುವ ತನಕ ಮಳೆಗಾಲದಲ್ಲೇ ಸೂರಿನ ನೀರು ಬೀಳುವಲ್ಲಿ ಬಿಟ್ಟಿರಬೇಕು. ವಾಸನೆ ಉಳಿದರೆ ಓಣಿಯ ಬೆಕ್ಕುಗಳೆಲ್ಲ ಬಂದು ಸಸಿ ಮೇಲೆ ಮಲಗುತ್ತವೆ. ಮಾರುವ ಗಿಡಕ್ಕೆ ಮಾತ್ರ ಹತ್ತು ಇಂಚಿನ ಪ್ಲಾಸ್ಟಿಕ್ ಕುಂಡ, ಒಂದೇ ಗಿಡ. ಆರು ಇಂಚಿನದು ಬೇಡ.

ಮಣ್ಣಿಗೆ ಗುಡ್ಡದ ಕೆಂಪು ಮಣ್ಣು, ತೊಳೆದ ತೆಂಗಿನ ನಾರಿನ ಪುಡಿ, ಹಳೇ ಕೊಟ್ಟಿಗೆ ಗೊಬ್ಬರ, ಹೆಚ್ಚುಕಡಿಮೆ ಸಮಪಾಲು. ನಮ್ಮ ಮಣ್ಣು ಹುಳಿ, ಹಾಗಾಗಿ ಪೆಟ್ಟಿಗೆಗೆ ಒಂದು ಹಿಡಿ ಚಿಪ್ಪಿನ ಸುಣ್ಣ. ಕಡಲ ಮರಳು ಮಾತ್ರ ಬೇಡವೇ ಬೇಡ, ಎಷ್ಟು ತೊಳೆದರೂ ನನಗೆ ಧೈರ್ಯ ಇಲ್ಲ.

ಗೊಬ್ಬರದಲ್ಲಿ ಕೈ ಬಿಗಿ ಇರಲಿ. ಶೇಂಗಾ ಹಿಂಡಿ ನೆನೆಸಿದ ನೀರು ವಾರಕ್ಕೊಮ್ಮೆ ಕೊಟ್ಟ ಸಾಲು ಎಲೆ ಬಿಟ್ಟಿತು ನೋಡಿ, ನೋಡಲು ಬಂದವರೆಲ್ಲ ಮೆಚ್ಚಿದರು. ಮೊಗ್ಗು ಮಾತ್ರ ಹತ್ತು ಹನ್ನೆರಡು ದಿನ ತಡ, ಕಾಂಡ ಟೊಳ್ಳು, ಹೂವಿನ ಭಾರಕ್ಕೇ ಕತ್ತು ಮುರಿಯಿತು. ಏನೂ ಕೊಡದೆ ಬಿಟ್ಟ ಪಕ್ಕದ ಸಾಲು ಮೊಳದುದ್ದಕ್ಕೆ ಗಟ್ಟಿಯಾಗಿ ನಿಂತಿತ್ತು. ಈಗ ನಾಲ್ಕೆಲೆ ಆದಾಗ ಒಂದು ಹಿಡಿ ಎರೆಗೊಬ್ಬರ, ಆಮೇಲೆ ಒಲೆಯ ಬೂದಿ. ಮೊಗ್ಗು ಕಾಣಿಸಿದ ವಾರ ಇನ್ನೊಂದು ಕೊಡುತ್ತೇನೆ, ಅದರಿಂದ ಹೂವಿನ ಬಣ್ಣ ಎರಡು ದಿನ ಜಾಸ್ತಿ ನಿಲ್ಲುತ್ತದೆ. ಅದೇನೆಂದು ಇಲ್ಲಿ ಹೇಳುವುದಿಲ್ಲ. ಮಾರುವವನಿಗೆ ಏನಾದರೂ ಉಳಿಯಬೇಕಲ್ಲ.

ಕರಾವಳಿಯವರಿಗೆ ಒಂದು ವಿಶೇಷ ತಲೆನೋವಿದೆ. ನಮ್ಮ ಮನೆ ಜಗಲಿ ಕಡಲಿಗೆ, ಅಂದರೆ ಪಶ್ಚಿಮಕ್ಕೆ. ಅರಳಿದ ಸೂರ್ಯಕಾಂತಿ ಪೂರ್ವಕ್ಕೆ ಮುಖ ಮಾಡಿ ನಿಂತುಬಿಡುತ್ತದೆ. ದಾರಿಯಲ್ಲಿ ಹೋಗುವವರಿಗೆ ಕಾಣುವುದು ಬರೀ ಬೆನ್ನು. 2016ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಕುಂಡಗಳನ್ನೇ ತಿರುಗಿಸಿ ಇದನ್ನು ಪರೀಕ್ಷಿಸಿದ್ದರು. ಪೂರ್ವಕ್ಕಿದ್ದ ಹೂವು ಬೆಳಿಗ್ಗೆ ಬೇಗ ಬಿಸಿಯಾಗಿ, ಪಶ್ಚಿಮಕ್ಕಿದ್ದದ್ದಕ್ಕಿಂತ ಐದು ಪಟ್ಟು ಪರಾಗಸ್ಪರ್ಶದ ಹುಳುಗಳನ್ನು ಕರೆದಿತ್ತು. ನಮ್ಮಲ್ಲಿ ತುಡುವೆ, ಮಿಸರಿ ಜೇನು ಬೆಳಿಗ್ಗೆ ಎಂಟಕ್ಕೆಲ್ಲ ಮುತ್ತುವುದನ್ನು ಕಂಡರೆ ಸರಿ ಅನಿಸುತ್ತದೆ. ನನಗೆ ಬೀಜ ಬೇಡ, ನೋಟ ಬೇಕು. ಎಳೆ ಗಿಡವನ್ನು ತಿರುಗಿಸಿದರೆ ಕೆಲವೇ ದಿನಕ್ಕೆ ಮತ್ತೆ ತಿರುಗಿಕೊಳ್ಳುತ್ತದೆ. ಎಸಳು ಪೂರ್ತಿ ಬಿಚ್ಚಿ ಕತ್ತು ಗಟ್ಟಿಯಾದ ಮೇಲೆ ಕುಂಡ ತಿರುಗಿಸಿ, ಹಾಗೇ ಉಳಿಯುತ್ತದೆ. ನೆಲದಲ್ಲಿ ನೆಟ್ಟವರಿಗೆ ಈ ಸುಖ ಇಲ್ಲ.

ಸಂಜೆಯ ಕಡಲ ಗಾಳಿಗೆ ಪೆಟ್ಟಿಗೆಗಳನ್ನು ಪಾಗಾರದ ಒಳಬದಿಗೆ ಇಟ್ಟರೆ ಸಾಕು. ಬಸವನಹುಳು ಬಂದರೆ ರಾತ್ರಿ ಟಾರ್ಚ್ ಹಿಡಿದು ಹೆಕ್ಕುವುದು, ಬೇರೆ ದಾರಿ ನನಗೆ ಸಿಕ್ಕಿಲ್ಲ. ಅಳಿಲು ಬಾರದಂತೆ ಸಸಿಗೆ ಅಡಿಕೆ ಹಾಳೆ ಸುತ್ತಿ ಕಾಯ್ದೆ, ಎರಡು ವಾರ ತಡೆಯಿತು.

ಸುಮ್ನೆ ಮಾಡಿದ ಪ್ರಯೋಗಗಳೂ ಇವೆ. ಗಿಳಿಗೆ ಹಾಕುವ ಕಾಳನ್ನು ಬಿತ್ತಿದರೆ ಕಡಿಮೆ ಖರ್ಚಿನಲ್ಲಿ ಹೂವು ಬಂದೀತೇ ಎಂದು ನೋಡಿದೆ. ಬಂತು, ನನ್ನ ಎತ್ತರಕ್ಕೆ. ಮೀನು ತೊಳೆದ ನೀರು ಹಾಕಿದ ಪೆಟ್ಟಿಗೆ ಬೇರೆಯವುಗಳಿಗಿಂತ ಚೆನ್ನಾಗಿತ್ತೋ ಇಲ್ಲವೋ ಹೇಳಲಾರೆ, ಬೆಕ್ಕು ಅಗೆದು ಹಾಕಿತು. ಹೈಬ್ರಿಡ್ ಗಿಡದ ಬೀಜ ಉಳಿಸಿ ಬಿತ್ತಿದ್ದರಲ್ಲಿ ಒಂದು ಗಿಡ್ಡ, ಒಂದು ಉದ್ದ, ಒಂದಕ್ಕೆ ಮೂರು ತಲೆ. ಟೆಡ್ಡಿ ಬೇರ್ ಬೀಜ ಮಾತ್ರ ತಾಯಿಯಂತೆಯೇ ಬಂತು, ಹತ್ತಿರದಲ್ಲಿ ಬೇರೆ ಸೂರ್ಯಕಾಂತಿ ಇರದಿದ್ದ ವರ್ಷ. ಒಂದು ಪ್ಯಾಕೆಟ್ ದುಡ್ಡು ಉಳಿಯಿತು.

ಮಾರಾಟ. ಭಾನುವಾರದ ಸಂತೆಗೆ ಒಯ್ದದ್ದು ಪ್ರಯೋಜನ ಆಗಲಿಲ್ಲ. ಅಬ್ಬಲಿಗೆ ಮಾಲೆ ಕೊಳ್ಳಲು ಬಂದವರು "ಇದು ಮುಡೀಲಿಕ್ಕೆ ಬರ್ತದಾ?" ಎಂದು ಕೇಳಿ ಮುಂದೆ ಹೋದರು. ಕೊಂಡವರು ನೌಕಾನೆಲೆಯ ಕುಟುಂಬಗಳು, ಕ್ರಿಸ್‌ಮಸ್‌ಗೆ ಮನೆ ಸಿಂಗರಿಸುವವರು, ಮತ್ತೆ ಒಂದು ಹೋಮ್‌ಸ್ಟೇ. ಮೊಗ್ಗು ಬಿರಿಯುತ್ತಿರುವ ಗಿಡಕ್ಕೆ 150 ರೂಪಾಯಿ ಹೇಳುತ್ತೇನೆ. ಪೂರ್ತಿ ಅರಳಿದ್ದಕ್ಕೆ 120, ಅದು ಅವರ ಮನೆಯಲ್ಲಿ ವಾರ ಹತ್ತು ದಿನ ಇರುತ್ತದೆ ಅಷ್ಟೇ, ಮೊದಲೇ ಹೇಳಿಬಿಡುತ್ತೇನೆ. ಕುಂಡ, ಬೀಜ, ಮಣ್ಣು ಸೇರಿ ನನಗೆ 60–70 ಬೀಳುತ್ತದೆ. ಕಳೆದ ಸಲ ಐವತ್ತರ ಹತ್ತಿರ ಗಿಡ ಮಾರಿಹೋಯಿತು. ಆ ಪ್ಲಾಸ್ಟಿಕ್ ಮಾಡಿನ ಎರಡೂವರೆ ಸಾವಿರವೂ ಅದರಲ್ಲೇ ಗಿಟ್ಟಿತು. ಶೀಟಿನ ಕೆಳಗೆ ಈಗ ಸ್ಕೂಟರ್ ನಿಲ್ಲುತ್ತದೆ.